ಮನೆಯೇ ಗುರುಕುಲ: ಮೊರನಾಳದ ಭೀಮವ್ವ ಮತ್ತು ತೊಗಲುಗೊಂಬೆಯಾಟದ ಕಲಿಕೆಯ ಚರಿತ್ರೆ

2025ರ ಗಣರಾಜ್ಯೋತ್ಸವದ ಮುನ್ನಾದಿನ ಪ್ರಕಟವಾದ ಪದ್ಮಶ್ರೀ ಪುರಸ್ಕೃತರ ಪಟ್ಟಿಯಲ್ಲಿ ಕೊಪ್ಪಳ ಜಿಲ್ಲೆಯ ಮೊರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರಿತ್ತು. ಆಗ ಅವರ ವಯಸ್ಸು 96. ಏಳು ದಶಕಗಳಿಗೂ ಮಿಕ್ಕಿ ತೊಗಲುಗೊಂಬೆಗಳನ್ನು ಆಡಿಸಿದವರು, ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ಹನ್ನೆರಡಕ್ಕೂ ಹೆಚ್ಚು ದೇಶಗಳಿಗೆ ಕೊಂಡೊಯ್ದವರು ಎಂದು ಅವರನ್ನು ಪರಿಚಯಿಸಲಾಯಿತು. ಮುಂದಿನ ತಲೆಮಾರಿಗೆ ಈ ಕಲೆಯನ್ನು ಕಲಿಸಿದವರು ಎಂಬ ಮಾತೂ ಆ ಪರಿಚಯದಲ್ಲಿತ್ತು. ಪತ್ರಿಕೆಗಳು ಅವರ ವಯಸ್ಸನ್ನೂ ವಿದೇಶಯಾತ್ರೆಗಳನ್ನೂ ಹಿಡಿದುಕೊಂಡವು. ಕಲಿಸಿದರೆಂಬ ಮಾತು ಹಿಂದೆ ಸರಿಯಿತು. ಚರಿತ್ರೆಯ ದೃಷ್ಟಿಯಿಂದ ನೋಡುವುದಾದರೆ ಈ ಮೂರನೆಯ ಮಾತೇ ಹೆಚ್ಚು ತೂಕದ್ದು. ಶಾಲೆಯಿಲ್ಲದ, ಪಠ್ಯವಿಲ್ಲದ, ಪ್ರಮಾಣಪತ್ರವಿಲ್ಲದ ಒಂದು ಕಲೆ ಇಷ್ಟು ಕಾಲ ಯಾರ ಕೈಯಿಂದ ಯಾರ ಕೈಗೆ, ಯಾವ ಭಾಷೆಯಲ್ಲಿ ದಾಟಿಬಂತು ಎಂಬುದು ಈ ಲೇಖನದ ಪ್ರಶ್ನೆ.

ಭೀಮವ್ವನವರ ಹೆಸರಿನ ಕೊನೆಯಲ್ಲಿರುವ ಪದವೇ ಉತ್ತರದ ಮೊದಲ ಎಳೆ. ಕಿಳ್ಳೇಕ್ಯಾತ, ಶಿಳ್ಳೇಕ್ಯಾತ, ಕಟಬು, ಗೊಂಬೆರಾಮ ಎಂದು ಪ್ರದೇಶಕ್ಕೊಂದು ಹೆಸರಿನಿಂದ ಕರೆಯಿಸಿಕೊಳ್ಳುವ ಈ ಸಮುದಾಯಕ್ಕೆ ತಾನು ಆಡಿಸುವ ಒಂದು ಗೊಂಬೆಯೇ ಹೆಸರು ಕೊಟ್ಟಿದೆ. ಗಣಪತಿ ಸ್ತುತಿಯಾದ ಮೇಲೆ ಪರದೆಯ ಮೇಲೆ ಕುಣಿಯುತ್ತ ಬರುವ ವಿಕಾರರೂಪದ ಹಾಸ್ಯಗಾರ ಕಿಳ್ಳೇಕ್ಯಾತ. ಅವನ ಹೆಂಡತಿ ಬಂಗಾರಕ್ಕ. ಪುರಾಣದ ಪಾತ್ರಗಳು ತಮ್ಮ ಗಾಂಭೀರ್ಯದಲ್ಲಿ ನಿಂತಿರುವಾಗ ಈ ಇಬ್ಬರು ಊರಿನ ಸುದ್ದಿಯನ್ನೂ ಗೌಡರ ಜಿಪುಣತನವನ್ನೂ ಆಡಿಕೊಳ್ಳಬಲ್ಲರು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ ಅವರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬೃಹತ್ ಸಂಪುಟಗಳಲ್ಲಿ ಕಿಳ್ಳೇಕ್ಯಾತರನ್ನು ಕನ್ನಡ, ತೆಲುಗು, ತಮಿಳು ಸೀಮೆಗಳಲ್ಲಿ ಅಲೆಯುವ ಮರಾಠಿ ಮೂಲದ ಚಿತ್ರಪ್ರದರ್ಶಕರೆಂದು ದಾಖಲಿಸಲಾಗಿದೆ. ಸಮುದಾಯದ ಹಲವು ಕುಟುಂಬಗಳ ಮನೆಮಾತು ಇಂದಿಗೂ ಮರಾಠಿಗೆ ಹತ್ತಿರದ ಒಂದು ನುಡಿ. ಆಟದ ಮಾತು ಮಾತ್ರ ಕನ್ನಡ. ಇದೇ ನಂಟಿನ ಕುಟುಂಬಗಳು ಅನಂತಪುರದ ಕಡೆ ತೆಲುಗಿನಲ್ಲಿ ಆಡುತ್ತವೆ. ತಮಿಳುನಾಡಿನ ದಕ್ಷಿಣ ಜಿಲ್ಲೆಗಳಲ್ಲಿ ತೋಲ್‌ಪಾವೈಕೂತ್ತು ಆಡಿಸುವ ಮರಾಠಿ ಮನೆಮಾತಿನ ಕುಟುಂಬಗಳು ತಮಿಳಿನಲ್ಲಿ ಆಡುತ್ತವೆ. ಮೂರು ರಾಜ್ಯಗಳ ಮೂರು ‘ಪ್ರಾದೇಶಿಕ’ ಕಲೆಗಳ ಹಿಂದೆ ಎಲ್ಲಿಯೂ ಪ್ರಾದೇಶಿಕವೆನಿಸಿಕೊಳ್ಳದ ಒಂದು ಮನೆನುಡಿ ನಿಂತಿದೆ.

ತೊಗಲುಗೊಂಬೆಯಾಟಕ್ಕೆ ಬೇಕಾದ ಕೆಲಸಗಳನ್ನು ಎಣಿಸಿದರೆ ಅದು ಒಬ್ಬರ ಕಲೆಯಾಗಿರಲು ಸಾಧ್ಯವೇ ಇಲ್ಲವೆಂದು ತಿಳಿಯುತ್ತದೆ. ಮೇಕೆಯ ಚರ್ಮವನ್ನು ನೆನೆಸಿ, ರೋಮ ಕೆರೆದು, ಬಿಗಿದು ಒಣಗಿಸಿ, ಬೆಳಕು ಹಾಯುವಷ್ಟು ತೆಳುವಾಗಿಸಬೇಕು. ಅದರ ಮೇಲೆ ರೇಖೆ ಬರೆದು, ಸಣ್ಣ ಉಳಿಗಳಿಂದ ಆಭರಣದ, ಅಂಚಿನ ತೂತುಗಳನ್ನು ಹೊಡೆಯಬೇಕು. ಎರಡೂ ಬದಿಗೆ ಬಣ್ಣ ತುಂಬಬೇಕು. ಸೀಳಿದ ಬಿದಿರಿನ ಕಡ್ಡಿಯ ನಡುವೆ ಗೊಂಬೆಯನ್ನು ಸಿಕ್ಕಿಸಿ ಕಟ್ಟಬೇಕು. ಕರ್ನಾಟಕದ ದೊಡ್ಡ ಗೊಂಬೆಗಳಲ್ಲಿ ಕೆಲವು ಒಂದೇ ತೊಗಲಿನಲ್ಲಿ ಇಡೀ ದೃಶ್ಯವನ್ನು ಹಿಡಿದಿಟ್ಟಿರುತ್ತವೆ: ರಥ, ಸಾರಥಿ, ವೀರ, ಕುದುರೆ ಎಲ್ಲ ಒಟ್ಟಿಗೆ. ಆಟದ ರಾತ್ರಿ ಬಿಳಿಯ ಪರದೆ ಕಟ್ಟುವುದು, ದೀಪ ನೋಡಿಕೊಳ್ಳುವುದು, ಮುಂದಿನ ಗೊಂಬೆಯನ್ನು ಸರಿಯಾದ ಹೊತ್ತಿಗೆ ಆಡಿಸುವವರ ಕೈಗೆ ಕೊಡುವುದು, ತಾಳ ಮದ್ದಳೆ ಹಿಡಿಯುವುದು, ಪದ ಹೇಳುವುದು, ಸ್ತ್ರೀಪಾತ್ರಗಳಿಗೆ ದನಿ ಕೊಡುವುದು ಇವೆಲ್ಲ ಏಕಕಾಲಕ್ಕೆ ನಡೆಯಬೇಕು. ಇಷ್ಟು ಜನರನ್ನು ಕೂಲಿ ಕೊಟ್ಟು ಕೂಡಿಸಿಕೊಳ್ಳುವ ಶಕ್ತಿ ದವಸಧಾನ್ಯದ ಪಡಿಯನ್ನು ನಂಬಿದ ಅಲೆಮಾರಿಗಳಿಗೆ ಎಂದೂ ಇರಲಿಲ್ಲ. ಆದ್ದರಿಂದ ಮೇಳವೆಂದರೆ ಮನೆ, ಮನೆಯೆಂದರೆ ಮೇಳ.

ಈ ರಚನೆಯಲ್ಲಿ ಹೆಂಗಸರ ಸ್ಥಾನವನ್ನು ವಿಶೇಷವಾಗಿ ಗಮನಿಸಬೇಕು. ಬಯಲಾಟ, ಯಕ್ಷಗಾನ, ತಮಿಳಿನ ತೆರುಕ್ಕೂತ್ತುಗಳಲ್ಲಿ ಸ್ತ್ರೀವೇಷವನ್ನು ಗಂಡಸರೇ ಕಟ್ಟುತ್ತಿದ್ದ ದೀರ್ಘಕಾಲದಲ್ಲಿ ತೊಗಲುಗೊಂಬೆಯ ಪರದೆಯ ಹಿಂದೆ ಸೀತೆಗೂ ದ್ರೌಪದಿಗೂ ಹೆಣ್ಣೇ ದನಿಯಾಗಿದ್ದಳು. ಪ್ರೇಕ್ಷಕರ ಕಣ್ಣಿಗೆ ಅವಳು ಬೀಳುತ್ತಿರಲಿಲ್ಲ. ಬೀಳುತ್ತಿದ್ದುದು ನೆರಳು ಮಾತ್ರ. ಕಣ್ಣಿಗೆ ಬೀಳದ್ದರಿಂದಲೇ ಆ ಅವಕಾಶ ದೊರೆಯಿತು, ಅದೇ ಕಾರಣದಿಂದ ಬರೆದ ಚರಿತ್ರೆಯಲ್ಲಿ ಅವಳ ಹೆಸರು ಉಳಿಯಲಿಲ್ಲ. ಮೇಳಗಳನ್ನು ಯಜಮಾನನ ಹೆಸರಿನಿಂದ ಗುರುತಿಸುವ ವಾಡಿಕೆಯಲ್ಲಿ ಹಾಡುಗಳನ್ನು ನೆನಪಿಟ್ಟವರು, ಮಕ್ಕಳ ಬಾಯಿಗೆ ಅವನ್ನು ಕೂಡಿಸಿದವರು ‘ಹಿಮ್ಮೇಳ’ವೆಂಬ ಒಂದೇ ಪದದೊಳಗೆ ಅಡಗಿಹೋದರು. ಭೀಮವ್ವನವರ ಗೌರವವು ಈ ಮೌನಕ್ಕೆ ಬಿದ್ದ ಒಂದು ಬಿರುಕು. ಈ ಕಥೆಗಳನ್ನು ಜಗತ್ತಿನ ಮುಂದೆ ಆಡಿ ತೋರಿಸಿದ ಮೊದಲ ಮಹಿಳೆಯೆಂದು ಅವರನ್ನು ಗುರುತಿಸಲಾಗಿದೆ. ಆದರೆ ಮೊದಲು ಗುರುತಿಸಲ್ಪಟ್ಟವರು ಮೊದಲು ಆಡಿದವರೇ ಆಗಬೇಕಿಲ್ಲ. ಅವರ ಹಿಂದೆ ಹೆಸರಿಲ್ಲದ ಅವ್ವ, ಅಜ್ಜಿಯರ ಸಾಲೊಂದು ಇರಲೇಬೇಕು.

ಈ ಮನೆಶಾಲೆಯಲ್ಲಿ ಕಲಿಕೆ ಪಾಠದ ರೂಪದಲ್ಲಿ ನಡೆಯುವುದಿಲ್ಲ. ಮಗು ಪರದೆಯ ಹಿಂದೆ ನಿದ್ದೆ ಮಾಡುತ್ತದೆ, ಎಚ್ಚರವಾದಾಗ ಗೊಂಬೆ ಎತ್ತಿಕೊಡುತ್ತದೆ. ಯಾವ ಗೊಂಬೆಯ ನಂತರ ಯಾವುದು ಎಂಬ ಕ್ರಮ ಅದರ ಕೈಗೆ ಮೊದಲು ಬರುತ್ತದೆ. ಕಥೆಯ ಅರ್ಥ ಆಮೇಲೆ. ಗೊಂಬೆಗಳನ್ನು ಪೆಟ್ಟಿಗೆಯಲ್ಲಿ ಇಡುವಾಗ ದೇವತೆಗಳನ್ನೂ ರಾಕ್ಷಸರನ್ನೂ ಬೇರ್ಪಡಿಸುವ ರೂಢಿಯಿದೆ. ಹಾಗೆ ಇಡುವುದನ್ನು ನೋಡುತ್ತಲೇ ಪಾತ್ರಗಳ ಸ್ವಭಾವದ ಮೊದಲ ಪಾಠ ಆಗಿಬಿಡುತ್ತದೆ. ಹರಿದು ಹಣ್ಣಾದ ಗೊಂಬೆಯನ್ನು ಎಸೆಯದೆ ನೀರಿಗೆ ಬಿಡುವ ಸಂಪ್ರದಾಯವೂ ಇದೆ. ಕೈಯ ವಸ್ತುವಿಗೂ ಒಂದು ಆಯುಷ್ಯವಿದೆ, ಗೌರವದ ವಿದಾಯವಿದೆ ಎಂಬುದು ಅದರಿಂದ ಕಲಿಯುವ ಪಾಠ. ಹೀಗೆ ಕಲಿಯುವಾಗ ‘ಈ ಕಡೆ ಹಿಡಿ’, ‘ದೀಪ ತಗ್ಗಿಸು’, ‘ಈಗ ಕೊಡು’ ಎಂಬ ಸೂಚನೆಗಳೆಲ್ಲ ಮನೆಮಾತಿನಲ್ಲಿ. ಪರದೆಯಾಚೆಗೆ ಕೇಳುವ ಪದ, ಸಂಭಾಷಣೆಗಳು ಕನ್ನಡದಲ್ಲಿ. ಒಂದು ಭಾಷೆ ಕಸುಬಿನದು, ಇನ್ನೊಂದು ಕಥೆಯದು. ಸಂಗ್ರಹಕಾರರು ಧ್ವನಿಮುದ್ರಿಸಿಕೊಂಡದ್ದು ಬಹುಪಾಲು ಎರಡನೆಯದನ್ನು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮನೆಶಾಲೆಯ ಆಧಾರಗಳು ಒಂದೊಂದಾಗಿ ಸಡಿಲಗೊಂಡವು. ಟೂರಿಂಗ್ ಟಾಕೀಸುಗಳು ಹಳ್ಳಿಯ ರಾತ್ರಿಗಳನ್ನು ಕಸಿದುಕೊಂಡವು. ಮಳೆಗಾಗಿ ಆಟ ಆಡಿಸುವ ಹರಕೆ ಕಡಿಮೆಯಾಯಿತು. ಹಳೆಯ ಮೇಳಗಳಲ್ಲಿ ಮುಖ್ಯಪಾತ್ರಗಳಿಗೆ ಬಳಸುತ್ತಿದ್ದ ಜಿಂಕೆಯ ಚರ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಿಷಿದ್ಧವಾಯಿತು. ಹಲವು ಕುಟುಂಬಗಳು ಮೀನುಗಾರಿಕೆ, ಕೂಲಿಗಳಿಗೆ ತಿರುಗಿದವು. ಇದೇ ಕಾಲದಲ್ಲಿ ಪಟ್ಟಣದ ಕಣ್ಣು ಈ ಕಲೆಯ ಕಡೆಗೆ ಹೊರಳಿತು. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾವ್ ಅವರು ಹಳ್ಳಿಹಳ್ಳಿ ಸುತ್ತಿ ದೊಡ್ಡ ಸಂಖ್ಯೆಯಲ್ಲಿ ಗೊಂಬೆಗಳನ್ನು ಸಂಗ್ರಹಿಸಿದರು, ಅಧ್ಯಯನ ಮಾಡಿದರು. 1979ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ಪರಿಷತ್ತು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿತು. ಇವರ ಪರಿಶ್ರಮವಿಲ್ಲದಿದ್ದರೆ ಎಷ್ಟೋ ಗೊಂಬೆಗಳು ಹುಳು ಹಿಡಿದು ಹೋಗುತ್ತಿದ್ದವು. ಆದರೂ ವಸ್ತುಸಂಗ್ರಹಾಲಯ ಕಾಪಾಡುವುದು ಗೊಂಬೆಯನ್ನು. ಗೊಂಬೆ ಎತ್ತಿಕೊಡುವ ಮಗುವಿನ ಕೈಯನ್ನು ಕಾಪಾಡುವ ಕಪಾಟು ಯಾವ ಸಂಸ್ಥೆಯಲ್ಲಿಯೂ ಇಲ್ಲ.

ಕಲಿಕೆ ಮನೆಯ ಹೊಸ್ತಿಲು ದಾಟಿದ ಎರಡು ದಾರಿಗಳನ್ನು ಇಲ್ಲಿ ನೆನೆಯಬೇಕು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಂಗಭೂಮಿಯ ಅನುಭವದೊಂದಿಗೆ ತೊಗಲುಗೊಂಬೆಯ ಕಡೆಗೆ ಬಂದವರು. ಪುರಾಣದ ಜೊತೆಗೆ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯವರ ಬದುಕನ್ನೂ ಪರದೆಗೆ ತಂದು, 2023ರಲ್ಲಿ ತೀರಿಕೊಳ್ಳುವವರೆಗೂ ಹೊಸ ಪ್ರೇಕ್ಷಕರನ್ನು ಸಂಪಾದಿಸಿದರು. ಅಲ್ಲಿ ಆಟ ಉಳಿದು ಬೆಳೆಯಿತು. ಅನಂತಪುರ ಸೀಮೆಯ ಧರ್ಮಾವರದ ಬಳಿಯ ನಿಮ್ಮಲಕುಂಟದಲ್ಲಿ ಬೇರೊಂದು ತಿರುವು: ಗೊಂಬೆ ಕೊರೆಯುವ ಕೈಗಳು ದೀಪದ ಗೂಡುಗಳನ್ನೂ ಗೋಡೆಯ ಅಲಂಕಾರಗಳನ್ನೂ ಕೊರೆಯತೊಡಗಿದವು. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಆಂಧ್ರದ ಚರ್ಮದ ಗೊಂಬೆಗಾರಿಕೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಅಲ್ಲಿ ಕುಟುಂಬದ ಕೈಕಸುಬು ಅನ್ನ ಕೊಟ್ಟಿತು, ಆಟ ಹಿಂದೆ ಸರಿಯಿತು. ಎರಡನ್ನೂ ನಾವು ಹಗುರವಾಗಿ ನೋಡಲಾಗದು. ಹಸಿದ ಮನೆಯಲ್ಲಿ ಪರಂಪರೆಯ ಪಾಠ ನಡೆಯುವುದಿಲ್ಲ.

ಭೀಮವ್ವನವರ ಬದುಕು ಮೂರನೆಯ ಸಾಧ್ಯತೆಯೊಂದನ್ನು ತೋರಿಸುತ್ತದೆ. ಅವರ ಕಲೆ ಜಗತ್ತನ್ನು ಸುತ್ತಿದರೂ ಅವರ ಶಾಲೆ ಕುಟುಂಬವಾಗಿಯೇ ಉಳಿಯಿತು. ಆಟ, ಕಸುಬು, ಹಾಡು, ಮನೆಮಾತು ಎಂಬ ನಾಲ್ಕು ಎಳೆಗಳು ಒಂದೇ ಹಗ್ಗವಾಗಿ ಹೊಸೆದುಕೊಂಡಿರುವುದು ಇಂಥ ಕಡೆ ಮಾತ್ರ. ಅಷ್ಟೇ ದೊಡ್ಡ ಅಪಾಯವೂ ಇಲ್ಲಿಯೇ ಇದೆ: ಒಂದು ತಲೆಮಾರು ಬೇರೆ ಉದ್ಯೋಗ ಹಿಡಿದರೆ ನಾಲ್ಕೂ ಎಳೆಗಳು ಒಟ್ಟಿಗೆ ಕಡಿಯುತ್ತವೆ. ಭಾರತ 2005ರಲ್ಲಿ ಅನುಮೋದಿಸಿದ ಯುನೆಸ್ಕೋದ 2003ರ ಅಮೂರ್ತ ಪರಂಪರೆಯ ಒಡಂಬಡಿಕೆ ತಲೆಮಾರಿನಿಂದ ತಲೆಮಾರಿಗೆ ದಾಟುವಿಕೆಯನ್ನೇ ಪರಂಪರೆಯ ಲಕ್ಷಣವೆಂದು ಹೇಳಿದೆ. ಆ ಮಾತಿಗೆ ಅರ್ಥ ಬರಬೇಕಾದರೆ ಗೌರವಧನ ಕಲಾವಿದೆಗೆ ಸಲ್ಲುವಂತೆ ಅವರ ಜೊತೆ ಕೂತು ಕಲಿಯುವ ಮೊಮ್ಮಗಳಿಗೂ ಸಲ್ಲಬೇಕಾಗುತ್ತದೆ.

ಹೊಸೂರು, ದೇಂಕಣಿಕೋಟೆ, ತಳಿ, ಕೃಷ್ಣಗಿರಿಗಳ ಕನ್ನಡಿಗರಿಗೆ ಈ ಚರಿತ್ರೆ ದೂರದ ಕೊಪ್ಪಳದ್ದೆಂದು ತೋರಬಾರದು. 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿ ಜಿಲ್ಲೆ ಕನ್ನಡ, ತೆಲುಗು, ತಮಿಳು, ಉರ್ದುಗಳು ಒಂದೇ ಸಂತೆಯಲ್ಲಿ ಕೂಡುವ ನೆಲ. ಇಲ್ಲಿ ಕನ್ನಡವೇ ಅನೇಕರಿಗೆ ಮನೆಮಾತು, ಶಾಲೆ ಕಚೇರಿಗಳ ಮಾತು ಬೇರೆ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ನಾವು ಶಾಲೆಯೊಳಗಿನ ಕನ್ನಡದ ಬಗ್ಗೆ ಬಹಳ ಚರ್ಚಿಸಿದ್ದೇವೆ. ಮನೆಯೊಳಗಿನ ಕಸುಬಿನ ಕನ್ನಡದ ಬಗ್ಗೆ ಅಷ್ಟು ಚರ್ಚಿಸಿಲ್ಲ. ಮಗ್ಗದ ಹತ್ತಿರ, ಕುಂಬಾರನ ತಿಗರಿಯ ಹತ್ತಿರ, ಕಂಬಳಿ ನೇಯುವ ಕುರುಬರ ಅಂಗಳದಲ್ಲಿ ಅಜ್ಜಿ ಮೊಮ್ಮಗುವಿಗೆ ಹೇಳುವ ಸೂಚನೆಯ ಮಾತುಗಳು ನಿಘಂಟಿಗೂ ಬಂದಿಲ್ಲ, ಪಠ್ಯಕ್ಕೂ ಬಂದಿಲ್ಲ. ಕರ್ನಾಟಕದಲ್ಲಿ ಶಿಳ್ಳೇಕ್ಯಾತರ ಮನೆನುಡಿಗೆ ಕನ್ನಡಿಗರು ತೋರಿದ ಅಲಕ್ಷ್ಯವನ್ನು ಗಡಿಯಾಚೆಯ ಕನ್ನಡಿಗರು ತಮ್ಮ ನುಡಿಯ ವಿಷಯದಲ್ಲಿ ಅನುಭವಿಸುತ್ತಿದ್ದಾರೆ. ಅಲ್ಪಸಂಖ್ಯಾತ ನುಡಿಯ ಸಂಶೋಧಕನಿಗೆ ಈ ಎರಡನ್ನೂ ಒಟ್ಟಿಗೆ ನೋಡುವ ಹೊಣೆಯಿದೆ.

ಆದ್ದರಿಂದ ಮುಂದಿನ ಕ್ಷೇತ್ರಕಾರ್ಯದ ಮೊದಲ ಕೆಲಸ ಪರದೆಯ ಮುಂದಿನಿಂದ ಹಿಂದಕ್ಕೆ ಹೋಗುವುದು. ಆಟದ ಪದಗಳ ಜೊತೆಗೆ ಕಸುಬಿನ ಪದಗಳನ್ನು, ಮೇಳದ ಯಜಮಾನನ ಜೊತೆಗೆ ಮನೆಯ ಹೆಂಗಸರ ಹೆಸರುಗಳನ್ನು, ಯಾರಿಂದ ಯಾವ ಹಾಡು ಕಲಿತೆವೆಂಬ ಅವರ ನೆನಪನ್ನು ಅವರವರ ಮನೆಮಾತಿನಲ್ಲಿಯೇ ಬರೆದುಕೊಳ್ಳಬೇಕು. 96ರ ವಯಸ್ಸಿನಲ್ಲಿ ದೇಶದ ಗಮನಕ್ಕೆ ಬಂದ ಒಬ್ಬ ಗುರುವಿನ ಹೆಸರು ನಮಗೀಗ ಗೊತ್ತಿದೆ. ಅವರಿಗೆ ಕಲಿಸಿದವರ ಹೆಸರುಗಳನ್ನು ಕೇಳಿ ಬರೆದುಕೊಳ್ಳಲು ಉಳಿದಿರುವ ಕಾಲ ಬಹಳವಿಲ್ಲ.