ಎಣ್ಣೆ, ನೀರು, ಒಂದು ಕಲ್ಲು: ಕನ್ನಡ ಅಚ್ಚಾದ ಕಥೆ

ವಿಡಿಯೋ ನೋಡೋಕೆ ಟೈಮ್ ಸಿಗದವರಿಗೆ, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗೆ, ಈ ವಾರದ ಮಾತು ಬರಹದಲ್ಲಿ.

ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡ್ತೀನಿ. ಕೆಲವು ವರ್ಷದ ಹಿಂದೆ ಪುಣೆಯಲ್ಲಿ ನಮ್ಮ ಕನ್ನಡ ಬಳಗದ ನವೆಂಬರ್ ಕಾರ್ಯಕ್ರಮಕ್ಕೆ ಆಮಂತ್ರಣ ಪತ್ರಿಕೆ ಮಾಡಿಸೋ ಜವಾಬ್ದಾರಿ ನನಗೆ ಬಂತು. ನಾನು ಕನ್ನಡ ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಪ್ರೆಸ್‌ಗೆ ಕಳಿಸಿದೆ. ಅಲ್ಲಿದ್ದ ಆಪರೇಟರ್‌ಗೆ ಕನ್ನಡ ಬರಲ್ಲ, ಕಾಪಿ ಮಾಡಿ ಪೇಸ್ಟ್ ಮಾಡಿದ. ಪಿಡಿಎಫ್ ಬಂದಾಗ ನಾನು ಮೀಟಿಂಗ್‌ನಲ್ಲಿದ್ದೆ. ಮೊಬೈಲ್‌ನಲ್ಲೇ ಬಣ್ಣ ನೋಡಿ, ಫೋಟೋ ನೋಡಿ 'ಓಕೆ' ಅಂತ ಕಳಿಸಿದೆ. ಐನೂರು ಕಾಪಿ ಬಂತು. ಬಳಗದ ಹಿರಿಯರೊಬ್ಬರು ಕನ್ನಡಕ ಏರಿಸಿ ಓದಿದರು: 'ರಾಜ್‌ಯೋತ್‌ಸವ'. 'ಏನಪ್ಪಾ, ಒತ್ತಕ್ಷರ ಎಲ್ಲ ಊರಲ್ಲೇ ಬಿಟ್ಟು ಬಂದ್ಯಾ?' ಅಂದರು. ಎಲ್ಲರೂ ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ.

ಆಮೇಲೆ ಇದನ್ನ ಕೆದಕೋಕೆ ಹೋದಾಗ ಒಂದು ವಿಷಯ ಗೊತ್ತಾಯ್ತು. ಒತ್ತಕ್ಷರದ ಈ ತಲೆನೋವಿಗೆ 200 ವರ್ಷ ಆಗಿದೆ. ಅಷ್ಟೇ ಅಲ್ಲ, ಕನ್ನಡದ ಮುದ್ರಣ ಶುರುವಾಗಿದ್ದೇ ಹೊರನಾಡಿನಲ್ಲಿ, ಅಂದರೆ ನಮ್ಮ ಹಾಗೆ.

ಬಂಗಾಳದಲ್ಲಿ ಎರಕ ಹೊಯ್ದ ಕನ್ನಡ

ಕನ್ನಡ ಲಿಪಿಯಲ್ಲಿ ಅಚ್ಚಾದ ಮೊದಲ ಪುಸ್ತಕ ಅಂತ ಸಾಮಾನ್ಯವಾಗಿ ಹೆಸರಿಸೋದು ವಿಲಿಯಂ ಕೇರಿಯ ಕನ್ನಡ ವ್ಯಾಕರಣವನ್ನ. ವರ್ಷ 1817. ಅಚ್ಚಾದ ಜಾಗ ಮೈಸೂರೂ ಅಲ್ಲ, ಧಾರವಾಡವೂ ಅಲ್ಲ, ಕಲ್ಕತ್ತಾ ಹತ್ತಿರ ಹೂಗ್ಲಿ ನದಿ ದಡದ ಸೆರಾಂಪುರ. ಅಲ್ಲಿ ಪಂಚಾನನ ಕರ್ಮಕಾರ್ ಅನ್ನೋ ಬಂಗಾಳಿ ಕುಶಲಕರ್ಮಿ, ಆತನ ನಂತರ ಅಳಿಯ ಮನೋಹರ, ಭಾರತದ ಹಲವು ಲಿಪಿಗಳಿಗೆ ಅಚ್ಚುಮೊಳೆ ಮಾಡೋ ಕಾರ್ಖಾನೆ ಬೆಳೆಸಿದ್ದರು. ಮುಂದೆ 1820ರಲ್ಲಿ ಮೆಕೆರೆಲ್‌ನ ಕನ್ನಡ ವ್ಯಾಕರಣ, ಆಮೇಲೆ ವಿಲಿಯಂ ರೀವ್‌ನ ನಿಘಂಟುಗಳು ಬಂದವು. ಅವು ಅಚ್ಚಾಗಿದ್ದು ಮದ್ರಾಸಿನಲ್ಲಿ. ಚೆನ್ನೈ ಮಿತ್ರರು ಬೇಕಾದರೆ ಕಾಲರ್ ಎತ್ತಿಕೊಳ್ಳಬಹುದು!

ಈಗ ಮೊಳೆ ಅಚ್ಚಿನ ಕಷ್ಟ ನೋಡಿ. ಇಂಗ್ಲಿಷಿಗೆ ದೊಡ್ಡಕ್ಷರ 26, ಚಿಕ್ಕಕ್ಷರ 26, ಅಂಕಿ, ಚಿಹ್ನೆ, ಅಲ್ಲಿಗೆ ಮುಗೀತು. ಎಲ್ಲವೂ ಒಂದು ಸಾಲಿನಲ್ಲಿ ಪಕ್ಕಪಕ್ಕ ಕೂರುತ್ತವೆ. ಕನ್ನಡದಲ್ಲಿ 34 ವ್ಯಂಜನ, ಪ್ರತಿಯೊಂದಕ್ಕೂ ಕಾಗುಣಿತ, ಅದರ ಮೇಲೆ ಒತ್ತು. 'ಸ್ತ್ರೀ' ಅನ್ನೋ ಒಂದೇ ಅಕ್ಷರದಲ್ಲಿ ಮೂರು ವ್ಯಂಜನ, ಒಂದು ಸ್ವರ. ಪ್ರತಿ ಜೋಡಣೆಗೂ ಒಂದೊಂದು ಮೊಳೆ ಮಾಡೋಕೆ ಹೋದರೆ ಕೋಣೆ ತುಂಬಾ ಸೀಸವೇ ಆಗುತ್ತೆ. ಹಾಗಾಗಿ ಅಕ್ಷರವನ್ನ ತುಂಡು ಮಾಡಿ, ತಲೆಕಟ್ಟು, ದೀರ್ಘ, ಒತ್ತು ಬೇರೆ ಬೇರೆ ಎರಕ ಹೊಯ್ದು ಜೋಡಿಸಬೇಕಿತ್ತು. ಮೊಳೆ ಜೋಡಿಸೋನು ಎಲ್ಲವನ್ನೂ ತಿರುಗುಮುರುಗಾಗಿ ಓದಬೇಕು, ಅದರ ಜೊತೆ ಈ ಒಗಟನ್ನೂ ಬಿಡಿಸಬೇಕು.

ಮುಂಬೈಯಿಂದ ಮಂಗಳೂರಿಗೆ ಬಂದ ಕಲ್ಲು

ಈ ಒಗಟಿನ ಪಕ್ಕದಲ್ಲೇ ಹಾದುಹೋಗೋ ಇನ್ನೊಂದು ದಾರಿ ಇತ್ತು. ಜರ್ಮನಿಯ ಬವೇರಿಯಾದಲ್ಲಿ ಅಲೋಯಿಸ್ ಸೆನೆಫೆಲ್ಡರ್ ಅನ್ನೋ ನಾಟಕಕಾರ ತನ್ನ ನಾಟಕಗಳನ್ನ ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕೋ ದಾರಿ ಹುಡುಕ್ತಾ 1796ರಿಂದ ಪ್ರಯೋಗ ಮಾಡಿ ಕಲ್ಲಚ್ಚು ಕಂಡುಹಿಡಿದ. ತತ್ವ ನಮ್ಮ ಅಡುಗೆಮನೆಯದೇ: ಎಣ್ಣೆ ನೀರು ಸೇರಲ್ಲ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರಿ. ರಾಸಾಯನಿಕ ಹಚ್ಚಿ ಅದು ನಿಲ್ಲೋ ಹಾಗೆ ಮಾಡು. ಕಲ್ಲನ್ನ ಒದ್ದೆ ಮಾಡು. ಈಗ ಎಣ್ಣೆ ಶಾಯಿಯ ರೋಲರ್ ಉರುಳಿಸಿದರೆ ಜಿಡ್ಡಿರೋ ಕಡೆ ಮಾತ್ರ ಶಾಯಿ ಹಿಡಿಯುತ್ತೆ, ನೀರಿರೋ ಕಡೆ ಹಿಡಿಯಲ್ಲ. ಮೇಲೆ ಕಾಗದ ಇಟ್ಟು ಒತ್ತಿದರೆ ಅಚ್ಚು ರೆಡಿ. ಮೊಳೆಯೂ ಬೇಡ, ಎರಕವೂ ಬೇಡ. ಕೈಯಲ್ಲಿ ಬರೆದಿದ್ದು ಬರೆದ ಹಾಗೇ ಬರುತ್ತೆ, ಒತ್ತಕ್ಷರ ಸಮೇತ.

1841ರಲ್ಲಿ ಬಾಸೆಲ್ ಮಿಷನ್‌ನವರು ಮುಂಬೈಯಿಂದ ಒಂದು ಕಲ್ಲಚ್ಚು ಯಂತ್ರ ತಂದು ಮಂಗಳೂರಿನಲ್ಲಿ ಅಚ್ಚುಕೂಟ ಶುರುಮಾಡಿದರು. ಜೊತೆಗೆ ಕೆಲಸ ಬಲ್ಲ ಮರಾಠಿ ಮುದ್ರಕರೂ ಬಂದರು. 1843ರ ಜುಲೈ 1ಕ್ಕೆ ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದ. ಕನ್ನಡದ ಮೊದಲ ಪತ್ರಿಕೆ ಅದು, ಕಲ್ಲಚ್ಚಿನಲ್ಲಿ ಬಂದಿದ್ದು. ಜುಲೈ 1ನ್ನ ನಾವು ಇವತ್ತಿಗೂ ಪತ್ರಿಕಾ ದಿನ ಅಂತ ಆಚರಿಸ್ತೀವಲ್ಲ, ಕಾರಣ ಇದೇ.

ಕಲ್ಲಚ್ಚಿಗೂ ಮಿತಿ ಇತ್ತು. ಪುಟ ಪೂರ್ತಿ ಕೈಯಲ್ಲೇ ಬರೆಯಬೇಕು. ಒಂದು ತಪ್ಪಾದರೆ ಮೊಳೆ ಕಿತ್ತು ಇನ್ನೊಂದು ಹಾಕಿದಷ್ಟು ಸುಲಭ ಇಲ್ಲ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಅನ್ನೋ ಹೆಸರಲ್ಲಿ ಮೊಳೆ ಅಚ್ಚಿನಲ್ಲಿ ಬರತೊಡಗಿತು. 1850ರ ದಶಕದ ಹೊತ್ತಿಗೆ ಮಂಗಳೂರಿನಲ್ಲೂ ಮೊಳೆ ಬಂತು. 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾಗಿದ್ದು ಅಲ್ಲೇ, ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಆ ಮೊಳೆಗಳನ್ನ ಜೋಡಿಸಿದವರ ಹೆಸರು ಮುಖಪುಟದಲ್ಲಿಲ್ಲ.

ಮಳವಲಿ ಸ್ಟೇಷನ್ ಹತ್ತಿರದ ದೇವರುಗಳು

ಅದೇ 1894ರಲ್ಲಿ ಮುಂಬೈನ ಗಿರ್‌ಗಾಂವ್‌ನಲ್ಲಿ ರಾಜಾ ರವಿವರ್ಮ ಜರ್ಮನ್ ಯಂತ್ರ, ಜರ್ಮನ್ ತಂತ್ರಜ್ಞರನ್ನ ತರಿಸಿ ಬಣ್ಣದ ಕಲ್ಲಚ್ಚು ಪ್ರೆಸ್ ಶುರುಮಾಡಿದ. ನಮ್ಮ ಅಜ್ಜಿ ಮನೆ ಗೋಡೆಯ ಲಕ್ಷ್ಮಿ, ಸರಸ್ವತಿ ಬಂದಿದ್ದು ಈ ಪರಂಪರೆಯಿಂದ. ಇಲ್ಲಿ ಒಂದು ಬಣ್ಣಕ್ಕೆ ಒಂದು ಕಲ್ಲು. ಹಳದಿಗೆ ಒಂದು, ಕೆಂಪಿಗೆ ಒಂದು, ನೀಲಿಗೆ ಒಂದು, ಮೈಬಣ್ಣದ ಛಾಯೆಗಳಿಗೆ ಇನ್ನಷ್ಟು. ನೆರಳು ಬೇಕಾದ ಕಡೆ ಕಲಾವಿದರು ಕಲ್ಲಿನ ಮೇಲೆ ಒಂದೊಂದೇ ಚುಕ್ಕಿ ಇಡ್ತಿದ್ದರು. ಒಂದೇ ಕಾಗದ ಎಲ್ಲ ಕಲ್ಲುಗಳ ಮೇಲೂ ಹಾದುಬರಬೇಕು, ಕೂದಲೆಳೆಯಷ್ಟೂ ಜರುಗದೆ. ಜರುಗಿದರೆ ಲಕ್ಷ್ಮಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿಯುತ್ತೆ. ಇವತ್ತೂ ಪ್ರೆಸ್‌ನಲ್ಲಿ 'ರಿಜಿಸ್ಟ್ರೇಷನ್ ಔಟ್' ಅಂತಾರಲ್ಲ, ಇದೇ.

ಪ್ರೆಸ್ ಆಮೇಲೆ ಲೋಣಾವಳ ಹತ್ತಿರದ ಮಳವಲಿಗೆ ಹೋಯ್ತು. ಪುಣೆ ಲೋಕಲ್‌ನಲ್ಲಿ ಓಡಾಡೋರು ಆ ಸ್ಟೇಷನ್ ನೋಡಿರ್ತೀರಿ. ಚಿತ್ರ ಮನೆಮನೆಗೂ ಹೋಯ್ತು, ಆದರೆ ರವಿವರ್ಮನಿಗೆ ಉಳಿದಿದ್ದು ಸಾಲ. ಕೆಲವೇ ವರ್ಷದಲ್ಲಿ ಪ್ರೆಸ್ಸನ್ನ ಅಲ್ಲಿನ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್‌ಗೆ ಮಾರಬೇಕಾಯ್ತು. ಒಳ್ಳೆ ಡಿಸೈನ್ ಇದ್ದರೆ ಸಾಲದು, ಅಚ್ಚಿನ ಖರ್ಚಿನ ಲೆಕ್ಕವೂ ಬೇಕು.

ಕಲ್ಲು ಹೋಯ್ತು, ತತ್ವ ಉಳೀತು

ಕಲ್ಲಿನ ಜಾಗಕ್ಕೆ ತೆಳು ಲೋಹದ ಪ್ಲೇಟ್ ಬಂತು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಐರಾ ರೂಬೆಲ್‌ನ ಯಂತ್ರದಲ್ಲಿ ಕಾಗದ ಹಾಕೋದು ತಪ್ಪಿ, ಶಾಯಿ ರಬ್ಬರ್ ಹೊದಿಕೆ ಮೇಲೆ ಬಿತ್ತು. ಮುಂದಿನ ಹಾಳೆಯ ಹಿಂಬದಿಗೆ ರಬ್ಬರಿನಿಂದ ಇಳಿದ ಅಚ್ಚು ನೇರ ಅಚ್ಚಿಗಿಂತ ಸ್ಪಷ್ಟವಾಗಿತ್ತು! ಕಾಗದಕ್ಕೆ ಆಫ್‌ಸೆಟ್ ಬಂದಿದ್ದು ಹೀಗೆ. ಇವತ್ತಿಗೂ ನಿಮ್ಮ ಮದುವೆ ಪತ್ರಿಕೆ, ದಿನಪತ್ರಿಕೆ ಬಹುತೇಕ ಎಣ್ಣೆ-ನೀರಿನ ಜಗಳದಿಂದಲೇ ಅಚ್ಚಾಗೋದು. ಹತ್ತಾರು ಕಲ್ಲಿನ ಬದಲು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಅಂತ ನಾಲ್ಕು ಪ್ಲೇಟ್. ಕೈಯಲ್ಲಿಟ್ಟ ಚುಕ್ಕಿಯ ಬದಲು ಕಂಪ್ಯೂಟರ್ ಇಟ್ಟ ಚುಕ್ಕಿ.

ಒತ್ತಕ್ಷರ ಮಾತ್ರ ಮತ್ತೆ ಎಡವಿತು. ಸೀಸದ ಮೊಳೆ ಹೋಗಿ ಫಾಂಟ್ ಬಂದಾಗ ಅದೇ ಹಳೇ ಒಗಟು ಸಾಫ್ಟ್‌ವೇರ್ ಒಳಗೆ ಬಂದು ಕೂತಿತು. ಯುನಿಕೋಡ್‌ನಲ್ಲಿ ನಾವು ಬರೆಯೋದು 'ತ, ವಿರಾಮ, ಸ' ಅಂತ. ಅದನ್ನ 'ತ್ಸ' ಮಾಡೋದು ತೋರಿಸೋ ಸಾಫ್ಟ್‌ವೇರ್‌ನ ಕೆಲಸ. ಅದಕ್ಕೆ ಆ ನಿಯಮ ಗೊತ್ತಿಲ್ಲದಿದ್ದರೆ ಒತ್ತು ಕಳಚಿ ಬೀಳುತ್ತೆ. ನನ್ನ ಆಮಂತ್ರಣದಲ್ಲಿ ಆಗಿದ್ದು ಇದೇ.

ಹಾಗಾಗಿ ಬಳಗದ ಕೆಲಸ ಹೊತ್ತವರಿಗೆ ನನ್ನ ಅನುಭವದ ನಾಲ್ಕು ಮಾತು:

- ಇನ್‌ಡಿಸೈನ್ ಆದರೆ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಿಸಿ. ಪ್ರೆಸ್‌ಗೆ ಬರೀ ಪಠ್ಯ ಕಳಿಸಬೇಡಿ, ಫಾಂಟ್ ಒಳಗಿರೋ ಪಿಡಿಎಫ್ ಕಳಿಸಿ.
- ಇಂಗ್ಲಿಷಿಗಿಂತ ಸಾಲಿನ ನಡುವೆ ಜಾಸ್ತಿ ಜಾಗ ಬಿಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೀಬಾರದು.
- ಬಣ್ಣ ಅಂಚಿನವರೆಗೂ ಇದ್ದರೆ ಕತ್ತರಿಸೋಕೆ ಸುತ್ತ 3 ಮಿ.ಮೀ. ಹೆಚ್ಚು ಬಿಡಿ. ಸ್ಕ್ರೀನ್ ಮೇಲಿನ ಹೊಳಪು ಕಾಗದದ ಮೇಲೆ ಬರಲ್ಲ, ಮುಂಚೆಯೇ ನಾಲ್ಕು ಬಣ್ಣಕ್ಕೆ ಬದಲಿಸಿ ನೋಡಿ.
- ಕಾಗದದ ಮೇಲೆ ಪ್ರೂಫ್ ತೆಗೆಸಿ, ಕನ್ನಡ ಓದಬಲ್ಲ ಇಬ್ಬರ ಕೈಗೆ ಕೊಡಿ.

ಕೊನೇದು ಎಲ್ಲಕ್ಕಿಂತ ಮುಖ್ಯ. ಸೆರಾಂಪುರದಲ್ಲಿ, ಮದ್ರಾಸಿನಲ್ಲಿ ಕನ್ನಡ ಅಚ್ಚಾದಾಗ ಯಾರೋ ಒಬ್ಬರು ಕೂತು ಒಂದೊಂದು ಅಕ್ಷರ ನೋಡಿದ್ದಕ್ಕೇ ಅದು ಕನ್ನಡವಾಗಿ ಹೊರಬಂತು. ಹೊರನಾಡಿನ ಪ್ರೆಸ್‌ನಲ್ಲಿ ಕನ್ನಡ ಓದಬಲ್ಲವರು ಹೆಚ್ಚಿನ ಸಲ ನಾವೊಬ್ಬರೇ. ನಾವು ಮೀಟಿಂಗ್ ಮಧ್ಯೆ 'ಓಕೆ' ಅಂದುಬಿಟ್ಟರೆ ಆಮೇಲೆ ತಡೆಯೋರು ಯಾರೂ ಇಲ್ಲ.

ನಿಮ್ಮ ಬಳಗದಲ್ಲೂ ಇಂಥ ಎಡವಟ್ಟು ಆಗಿರಬೇಕಲ್ಲ? ಬರೆದು ಕಳಿಸಿ, ಒಟ್ಟಿಗೆ ನಗೋಣ. ಮುಂದಿನ ವಾರ ಸಿಗೋಣ.