ಡಬ್ಬದೊಳಗೆ ಸಿಕ್ಕಿಕೊಂಡ ಗಾಳಿ

1954ರ ಅಕ್ಟೋಬರ್. ನ್ಯೂಯಾರ್ಕಿನ ಆಡಿಯೋ ಫೇರ್‌ನಲ್ಲಿ ಹೊಸ ಕಂಪನಿಯೊಂದು ಒಂದು ಮರದ ಡಬ್ಬ ತಂದಿಟ್ಟಿತ್ತು. ಎರಡಡಿ ಚಿಲ್ಲರೆ ಉದ್ದ, ಒಂದಡಿ ಚಿಲ್ಲರೆ ಎತ್ತರ. ಪುಸ್ತಕದ ಕಪಾಟು ಗಟ್ಟಿಯಾಗಿದ್ದರೆ ಅದರಲ್ಲೇ ಅಡ್ಡಕ್ಕೆ ಮಲಗಿಸಬಹುದು. ಆದರೆ ಅದರಿಂದ ಬರ್ತಿದ್ದ ಮಂದ್ರದ ದನಿ ಮಾತ್ರ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯಿಂದ ಬರಬೇಕಾದದ್ದು. ಡಬ್ಬದ ಹೆಸರು ಎಆರ್-1, ಬೆಲೆ 185 ಡಾಲರ್. ಕಂಪನಿ ಅಕೌಸ್ಟಿಕ್ ರಿಸರ್ಚ್. ಅದರ ಹಿಂದಿದ್ದ ತಲೆ ಎಡ್ಗರ್ ವಿಲ್ಚರ್ ಅನ್ನೋ ಮನುಷ್ಯನದು.

ಈ ವಿಲ್ಚರ್ ಓದಿದ್ದು ಎಂಜಿನಿಯರಿಂಗ್ ಅಲ್ಲ, ಕಲೆಯ ಇತಿಹಾಸ! ಎರಡನೇ ಮಹಾಯುದ್ಧದಲ್ಲಿ ಸೈನ್ಯದ ವಿಮಾನದಳ ಸೇರಿ, ಅಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ರಿಪೇರಿ ಕಲಿತ. ಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ, ಪತ್ರಿಕೆಗಳಿಗೆ ಬರೆದ, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿಯ ಮರುಉತ್ಪಾದನೆ ಬಗ್ಗೆ ಪಾಠ ಮಾಡಿದ. ಸ್ಪೀಕರ್ ತಯಾರಿಸುವ ಯಾವ ದೊಡ್ಡ ಕಂಪನಿಯಲ್ಲೂ ಇವನು ಕೆಲಸ ಮಾಡಿರಲಿಲ್ಲ. ಅದೇ ಒಳ್ಳೆಯದಾಯ್ತು ಅನ್ನೋದು ನನ್ನ ಅನಿಸಿಕೆ.

ಅಷ್ಟು ಹೊತ್ತಿಗೆ ಸ್ಪೀಕರ್‌ಗಳು ಯಾಕೆ ಅಷ್ಟು ದೊಡ್ಡದಾಗಿದ್ದವು ಅಂತ ಮೊದಲು ನೋಡಬೇಕು. ಇವತ್ತಿಗೂ ನಾವು ಬಳಸೋ ಸ್ಪೀಕರಿನ ಮೂಲ ವಿನ್ಯಾಸ 1925ರದ್ದು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಮಂಡಿಸಿದ್ದು. ಕಾಗದದ ಒಂದು ಕೋನ್, ಅದರ ಹಿಂದೆ ತಂತಿಯ ಸುರುಳಿ, ಸುರುಳಿಯ ಸುತ್ತ ಆಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ ಹರಿದಂತೆ ಕೋನ್ ಹಿಂದೆ ಮುಂದೆ ಆಡುತ್ತೆ, ಗಾಳಿಯನ್ನು ತಳ್ಳುತ್ತೆ. ಅಷ್ಟೇ ಕತೆ. ಕಷ್ಟ ಇರೋದು ಮುಂದೆ. ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತುತ್ತೆ, ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತೆ. ಇವೆರಡೂ ಅಂಚಿನ ಸುತ್ತ ಬಂದು ಸೇರಿಬಿಟ್ಟರೆ ಒಂದನ್ನೊಂದು ಅಳಿಸಿಹಾಕ್ತವೆ. ಸಣ್ಣ ತರಂಗಾಂತರದ ತಾರ ಸ್ವರಗಳಿಗೆ ಇದು ಅಷ್ಟು ತಟ್ಟಲ್ಲ. ಆದರೆ ಡಬಲ್ ಬಾಸ್ ವಾದ್ಯದ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್, ಅದರ ತರಂಗಾಂತರ ಎಂಟು ಮೀಟರಿಗೂ ಹೆಚ್ಚು. ಅಂಥ ಸ್ವರ ಬರಿ ಕೋನಿನಿಂದ ಹೊರಗೆ ಬರೋದೇ ಇಲ್ಲ. ಹಾಗಾಗಿ ಹಿಂದಿನ ದನಿಯನ್ನು ಎಲ್ಲಾದರೂ ಕೂಡಿಹಾಕಬೇಕು.

ಕೂಡಿಹಾಕಿದರೆ ಇನ್ನೊಂದು ತಾಪತ್ರಯ. ಕೋನಿನ ಅಂಚಿನಲ್ಲಿ ಅದನ್ನು ಮತ್ತೆ ಮಧ್ಯಕ್ಕೆ ಎಳೆಯುವ ಸ್ಪ್ರಿಂಗಿನಂಥ ಒಂದು ಬಿಗಿ ಇರುತ್ತೆ. ತೂಕ ಮತ್ತು ಸ್ಪ್ರಿಂಗ್ ಇದ್ದ ಕಡೆ ಅನುರಣನೆ ಇದ್ದೇ ಇರುತ್ತೆ, ತೊಟ್ಟಿಲಿಗೆ ತನ್ನದೇ ಲಯ ಇರೋ ಹಾಗೆ. ಆ ಲಯಕ್ಕಿಂತ ಕೆಳಗಿನ ಸ್ವರಗಳನ್ನು ಸ್ಪೀಕರ್ ಬಹಳ ಬೇಗ ಕೈಬಿಡುತ್ತೆ. ಡಬ್ಬದಲ್ಲಿ ಮುಚ್ಚಿಟ್ಟ ಗಾಳಿಯೂ ಒಂದು ಸ್ಪ್ರಿಂಗೇ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದವರಿಗೆಲ್ಲ ಇದು ಗೊತ್ತು. ಡಬ್ಬ ಚಿಕ್ಕದಾದಷ್ಟೂ ಆ ಸ್ಪ್ರಿಂಗ್ ಬಿಗಿ. ಕೋನಿನ ಬಿಗಿಯ ಮೇಲೆ ಗಾಳಿಯ ಬಿಗಿಯೂ ಸೇರಿದರೆ ಅನುರಣನೆ ಮೇಲೆ ಹೋಗಿ, ಮಂದ್ರ ಸತ್ತುಹೋಗುತ್ತೆ. ಅದಕ್ಕೇ ಜನ ಗೋಡೆ ಕೊರೆದು ಸ್ಪೀಕರ್ ಕೂರಿಸ್ತಿದ್ರು, ಬಟ್ಟೆಯ ಕೋಣೆಯ ಬಾಗಿಲಿಗೆ ಜೋಡಿಸ್ತಿದ್ರು. ದುಡ್ಡಿದ್ದವರು ಪಾಲ್ ಕ್ಲಿಪ್ಷ್ ಅರ್ಕನ್ಸಾದಲ್ಲಿ ಮಾಡ್ತಿದ್ದ ಕ್ಲಿಪ್ಷ್‌ಹಾರ್ನ್ ತರಿಸಿ ಕೋಣೆಯ ಮೂಲೆಯನ್ನೇ ಅದಕ್ಕೆ ಬರೆದುಕೊಡ್ತಿದ್ರು.

ವಿಲ್ಚರ್ ಯೋಚನೆ ಮಾಡಿದ್ದು ಬೇರೆ ಕಡೆಯಿಂದ. ಅವನಿಗೆ ತಲೆನೋವಾಗಿದ್ದು ಡಬ್ಬದ ಗಾತ್ರಕ್ಕಿಂತ ಹೆಚ್ಚಾಗಿ ಸ್ಪ್ರಿಂಗಿನ ಪ್ರಾಮಾಣಿಕತೆ. ಕೋನಿನ ಅಂಚಿನ ಮಡಿಕೆಗಳು ಸ್ವಲ್ಪ ಎಳೆದಾಗ ಸ್ವಲ್ಪ ಬಗ್ಗುತ್ತವೆ, ಜಾಸ್ತಿ ಎಳೆದಾಗ ಗಟ್ಟಿ ನಿಂತುಬಿಡ್ತವೆ. ಎರಡು ಪಾಲು ತಳ್ಳಿದರೆ ಎರಡು ಪಾಲು ಚಲಿಸಲ್ಲ. ಆಗ ಶುದ್ಧವಾದ ಮಂದ್ರ ಸ್ವರಕ್ಕೆ ಅಲ್ಲಿಲ್ಲದ ಮೇಲಿನ ಸ್ವರಗಳು ಬೆರೆತು, ಮೃದಂಗದ ತೊಪ್ಪಿಯ ನಾದ ಡಬರಿ ಬಡಿದ ಹಾಗಾಗುತ್ತೆ. ಗಾಳಿ ಹಾಗಲ್ಲ. ಲೆಕ್ಕ ಹಾಕಿ ನೋಡಿ: 12 ಇಂಚಿನ ಕೋನ್ ಅರ್ಧ ಸೆಂಟಿಮೀಟರ್ ಒಳಗೆ ಹೋದರೆ ಸುಮಾರು ಕಾಲು ಲೀಟರ್ ಗಾಳಿಯ ಜಾಗ ತಿನ್ನುತ್ತೆ. ಡಬ್ಬದಲ್ಲಿ 50 ಲೀಟರ್ ಇದ್ದರೆ ಅದು ಇನ್ನೂರರಲ್ಲಿ ಒಂದು ಪಾಲು. ಅಷ್ಟು ಸಣ್ಣ ಒತ್ತಡಕ್ಕೆ ಗಾಳಿ ಎಷ್ಟು ತಳ್ಳಿದರೆ ಅಷ್ಟೇ ಬಗ್ಗುತ್ತೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಹಾಗಿದ್ದ ಮೇಲೆ, ಹೇಗೂ ಗಾಳಿಯ ಸ್ಪ್ರಿಂಗ್ ಬಂದೇ ಬರುತ್ತೆ ಅಂದ್ರೆ, ಕೋನಿನ ಸ್ಪ್ರಿಂಗನ್ನೇ ತೆಗೆದುಹಾಕಿದರೆ? ಇಷ್ಟೇ ವಿಚಾರ. ಕೋನನ್ನು ಜೋಲುಬಿದ್ದಷ್ಟು ಸಡಿಲ ಮಾಡು, ಹಿಂದಕ್ಕೆ ಎಳೆಯುವ ಕೆಲಸವನ್ನು ಡಬ್ಬದ ಗಾಳಿಗೆ ಬಿಡು. ಈಗ ಡಬ್ಬ ಚಿಕ್ಕದೇ ಆಗಿರಬೇಕು! ಅಲ್ಲಿವರೆಗೆ ಶತ್ರುವಾಗಿದ್ದದ್ದು ಯಂತ್ರದ ಒಂದು ಭಾಗವಾಯ್ತು.

ಪ್ರಯೋಗ ನಡೆದದ್ದು ವುಡ್‌ಸ್ಟಾಕ್ ಊರಿನ ಮನೆಯಲ್ಲಿ. 12 ಇಂಚಿನ ಒಂದು ಸ್ಪೀಕರಿನ ಗಟ್ಟಿ ಅಂಚನ್ನು ಕಿತ್ತುಹಾಕಿ, ಅದರ ಜಾಗಕ್ಕೆ ಹಾಸಿಗೆ ಹೊಲಿಯೋ ಬಟ್ಟೆ ಹಾಕಿದರು. ಆ ಬಟ್ಟೆಯ ಅಂಚನ್ನು ತಯಾರಿಸಿಕೊಟ್ಟಿದ್ದು ಹೆಂಡತಿ ರೋಸ್‌ಮೇರಿ. ಯುದ್ಧದ ದಿನಗಳಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದ್ದ ಹೆಣ್ಣುಮಗಳು. ಹೈ-ಫೈ ಚರಿತ್ರೆಯ ಪುಸ್ತಕಗಳಲ್ಲಿ ಈ ಹೆಸರು ಇನ್ನೂ ಸ್ವಲ್ಪ ದಪ್ಪ ಅಕ್ಷರದಲ್ಲಿ ಬರಬೇಕಿತ್ತು. ವಿಲ್ಚರ್ ಈ ವಿಚಾರವನ್ನು ಹೆಸರುವಾಸಿ ಕಂಪನಿಗಳಿಗೆ ಮಾರೋಕೆ ಹೋದ, ಯಾರೂ ತಗೊಳ್ಳಲಿಲ್ಲ. ತಗೊಂಡಿದ್ದು ಅವನ ಪಾಠಕ್ಕೆ ಬರ್ತಿದ್ದ ಹೆನ್ರಿ ಕ್ಲಾಸ್ ಅನ್ನೋ ಹುಡುಗ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅವನು ಆಗಲೇ ಸ್ಪೀಕರ್ ಪೆಟ್ಟಿಗೆಗಳನ್ನು ಮಾಡ್ತಿದ್ದ. ಇಬ್ಬರೂ ಸೇರಿ ಕಂಪನಿ ಶುರು ಮಾಡಿದರು.

ಡಬ್ಬದೊಳಗೆ ಗಾಜಿನ ನಾರು ತುಂಬಿದರು, ಸಂದುಗಳನ್ನೆಲ್ಲ ಗಾಳಿ ಆಡದ ಹಾಗೆ ಮುಚ್ಚಿದರು. ಇದು ಮುಖ್ಯ. ನಮ್ಮ ಕಡೆ ಬಡಗಿ ಹತ್ರ ಡಬ್ಬ ಮಾಡಿಸಿ ವೂಫರ್ ಕೂರಿಸೋ ಉತ್ಸಾಹಿಗಳು ಎಷ್ಟೋ ಜನ ಇದ್ದಾರೆ. ಇಂಥ ಮುಚ್ಚಿದ ಡಬ್ಬದ ಮೂಲೆಯಲ್ಲಿ ಸಂದಿ ಉಳಿದರೆ ಸ್ಪ್ರಿಂಗೇ ಸೋರಿಹೋಯ್ತು ಅಂತ ಅರ್ಥ.

ಇದಕ್ಕೆ ತೆತ್ತ ಬೆಲೆ? ಶಕ್ತಿ. ಸಣ್ಣ ಡಬ್ಬದಲ್ಲಿ ಆಳದ ಸ್ವರ ಬೇಕಂದ್ರೆ ಕೋನ್ ಭಾರವಿರಬೇಕು, ಭಾರದ ಕೋನನ್ನು ಆಡಿಸೋಕೆ ಆಂಪ್ಲಿಫೈಯರ್ ಬೆವರಬೇಕು. ಒಳಗೆ ಹೋದ ನೂರು ವ್ಯಾಟ್‌ನಲ್ಲಿ ದನಿಯಾಗಿ ಹೊರಬರೋದು ಒಂದು ವ್ಯಾಟ್‌ನ ಆಸುಪಾಸು, ಉಳಿದದ್ದೆಲ್ಲ ಸುರುಳಿಯ ಬಿಸಿ. ಕ್ಲಿಪ್ಷ್‌ಹಾರ್ನ್ ಕೆಲವೇ ವ್ಯಾಟ್‌ನಲ್ಲಿ ಮನೆ ಅದುರಿಸುತ್ತಿತ್ತು, ಎಆರ್ ಡಬ್ಬಕ್ಕೆ ಅದರ ಹತ್ತಾರು ಪಟ್ಟು ಬೇಕು. ಆಳದ ಸ್ವರ, ಚಿಕ್ಕ ಡಬ್ಬ, ಕಡಿಮೆ ಶಕ್ತಿಗೆ ಜೋರು ದನಿ, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೋಬಹುದು ಅನ್ನೋ ನಿಯಮಕ್ಕೆ ಹಾಫ್‌ಮನ್‌ನ ಉಕ್ಕಿನ ನಿಯಮ ಅಂತಲೇ ಹೆಸರು. ಆ ಆಂಟನ್ ಹಾಫ್‌ಮನ್ ಯಾರು ಗೊತ್ತಾ? ಹೆಸರಾಂತ ಪಿಯಾನೋ ವಾದಕ ಯೋಸೆಫ್ ಹಾಫ್‌ಮನ್‌ನ ಮಗ. 1957ರಲ್ಲಿ ಕ್ಲಾಸ್, ವಿಲ್ಚರ್‌ನನ್ನು ಬಿಟ್ಟು ಹೊರಬಂದು ಇವನ ಜೊತೆ ಕೆಎಲ್‌ಎಚ್ ಕಂಪನಿ ಕಟ್ಟಿದ. ಕೆಎಲ್‌ಎಚ್‌ನ ‘ಎಚ್’ ಇವನೇ.

ವಿಲ್ಚರ್‌ನ ಅದೃಷ್ಟ ನೋಡಿ, 1958ರಲ್ಲಿ ಸ್ಟೀರಿಯೋ ರೆಕಾರ್ಡುಗಳು ಮಾರುಕಟ್ಟೆಗೆ ಬಂದವು. ಬೀರುವಿನಂಥ ಪೆಟ್ಟಿಗೆ ಒಂದಾದರೆ ಮನೆಯವರು ಹೇಗೋ ಸಹಿಸ್ಕೊತಾರೆ, ಎರಡು ಇಡ್ತೀನಿ ಅಂದ್ರೆ ಬಿಡ್ತಾರಾ? ಅದೇ ವರ್ಷ ಎಆರ್-3 ಬಂತು. ತಾರ ಸ್ವರಗಳು ಕಂಪಿಸುವ ಮೇಲ್ಮೈಗಿಂತ ಚಿಕ್ಕ ತರಂಗಾಂತರದವಾದರೆ ಟಾರ್ಚಿನ ಬೆಳಕಿನಂತೆ ನೇರಕ್ಕೆ ಮಾತ್ರ ಹೋಗ್ತವೆ. ಸೋಫಾದ ಮಧ್ಯ ಕೂತವನಿಗೊಂದು ಸಂಗೀತ, ಪಕ್ಕದವನಿಗೊಂದು. ವಿಲ್ಚರ್ ಅದಕ್ಕೆ ಪುಟ್ಟ ಗುಮ್ಮಟದಂಥ ಟ್ವೀಟರ್ ಮಾಡಿದ, ದನಿ ಎಲ್ಲ ಕಡೆ ಹರಡೋ ಹಾಗೆ. ಇವತ್ತು ಮನೆ ಸ್ಪೀಕರುಗಳ ಮೇಲ್ಭಾಗದಲ್ಲಿ ಕಾಣೋ ಗುಮ್ಮಟ ಅದರದೇ ಸಂತಾನ.

ಮತ್ತೆ ಅವರು ಮಾಡಿದ ಪರೀಕ್ಷೆಗಳು. ಫೈನ್ ಆರ್ಟ್ಸ್ ಕ್ವಾರ್ಟೆಟ್‌ನ ನಾಲ್ವರು ವಾದಕರು ವೇದಿಕೆಯ ಮೇಲೆ, ಜೊತೆಗೆ ಎರಡು ಎಆರ್-3. ವಾದಕರು ಸ್ವಲ್ಪ ಹೊತ್ತು ನಿಜವಾಗಿ ನುಡಿಸ್ತಾರೆ, ನಡುವೆ ಕಮಾನು ತಂತಿಗೆ ತಾಗಿಸದೆ ಬರಿ ಅಭಿನಯ ಮಾಡ್ತಾರೆ, ಆಗ ಸ್ಪೀಕರ್ ಹಾಡುತ್ತೆ. ಯಾವಾಗ ಬದಲಾಯ್ತು ಅಂತ ಸಭಿಕರು ಪತ್ತೆ ಹಚ್ಚಬೇಕು. ಬಹಳಷ್ಟು ಮಂದಿ ಸೋತರು. ಇಂಥ ಕಛೇರಿಗಳು ಅಮೆರಿಕದ ಊರೂರುಗಳಲ್ಲಿ ನಡೆದವು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಎಆರ್ ಒಂದು ಕೇಳುವ ಕೋಣೆ ಇಟ್ಟಿತ್ತು. ಯಾರು ಬೇಕಾದರೂ ಬಂದು ಕೂತು ಕೇಳಬಹುದು, ಆದರೆ ಅಲ್ಲಿ ಮಾರಾಟ ಇಲ್ಲ. 1960ರ ದಶಕದ ಮಧ್ಯದಲ್ಲಿ ಅಮೆರಿಕದ ಸ್ಪೀಕರ್ ಮಾರುಕಟ್ಟೆಯ ಸುಮಾರು ಮೂರನೇ ಒಂದು ಪಾಲು ಈ ಕಂಪನಿಯದ್ದಾಗಿತ್ತು.

ಪೇಟೆಂಟಿನ ಕತೆ ಇಷ್ಟು ಸುಖದ್ದಲ್ಲ. 1956ರ ಕೊನೆಯಲ್ಲಿ ವಿಲ್ಚರ್‌ಗೆ ಪೇಟೆಂಟ್ ಸಿಕ್ಕಿತು, ಕೆಎಲ್‌ಎಚ್ ಕೂಡ ಅವನಿಗೆ ರಾಯಲ್ಟಿ ಕೊಡ್ತಿತ್ತು. ಆದರೆ ಎಲೆಕ್ಟ್ರೋ-ವಾಯ್ಸ್ ಕಂಪನಿ ಕೋರ್ಟಿಗೆ ಹೋಯ್ತು. ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ ಮತ್ತು ಸಂಗಡಿಗ ಪ್ರೆಸ್ಟನ್ 1949ರಲ್ಲೇ ಪಡೆದಿದ್ದ ಒಂದು ಪೇಟೆಂಟಿನಲ್ಲಿ ಈ ತತ್ವ ಇತ್ತು ಅಂತಾಯ್ತು. ಆ ಪೇಟೆಂಟಿನಿಂದ ಮನೆಗಳಿಗೆ ಇಂಥ ಡಬ್ಬ ತಲುಪಿರಲಿಲ್ಲ, ಆದರೂ ಕಾನೂನಿಗೆ ಕಾಗದದಲ್ಲಿರೋದು ಸಾಕು. ವಿಲ್ಚರ್ ಪೇಟೆಂಟ್ ಬಿದ್ದುಹೋಯ್ತು. ಅವನು ಮೇಲ್ಮನವಿ ಹಾಕಲಿಲ್ಲ. ಅಲ್ಲಿಂದಾಚೆ ಯಾರು ಬೇಕಾದರೂ ಗಾಳಿಯ ಸ್ಪ್ರಿಂಗಿನ ಡಬ್ಬ ಮಾಡಬಹುದಾಯ್ತು, ಮಾಡಿದರೂ ಕೂಡ. ಮುಂದೆ ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ರಂಧ್ರವಿರುವ ಡಬ್ಬಗಳ ಗಣಿತ ಬರೆದ, ಹತ್ತು ವರ್ಷ ಹೊರಗಿನವರು ಹೆಚ್ಚಾಗಿ ಗಮನಿಸಲಿಲ್ಲ. ಸಿಡ್ನಿಯಲ್ಲಿ ಓದಿದ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದ ಮೇಲೆ ಗಾಳಿ ಹೊರಹೋಗುವ ಡಬ್ಬಗಳೇ ಹೆಚ್ಚಾದವು. ಮುಚ್ಚಿದ ಡಬ್ಬ ಹೋಗಲಿಲ್ಲ, ಎಷ್ಟೋ ಸಬ್‌ವೂಫರ್‌ಗಳಲ್ಲಿ ಇವತ್ತಿಗೂ ಇದೆ.

1967ರಲ್ಲಿ ವಿಲ್ಚರ್ ಕಂಪನಿಯನ್ನು ಟೆಲಿಡೈನ್‌ಗೆ ಮಾರಿ, ವುಡ್‌ಸ್ಟಾಕ್‌ನಲ್ಲಿ ಕಿವಿ ಕೇಳಿಸದವರ ಸಮಸ್ಯೆ ಹಿಡಿದು ಕೂತ. ಶ್ರವಣದೋಷ ಇರೋ ಎಷ್ಟೋ ಜನಕ್ಕೆ ಮೆಲುದನಿ ಕೇಳಲ್ಲ, ಆದರೆ ಜೋರುದನಿ ನಮಗೆ ಕೇಳಿದಷ್ಟೇ ಜೋರಾಗಿ ಕೇಳುತ್ತೆ. ಅಜ್ಜಂದಿರು “ಸ್ವಲ್ಪ ಗಟ್ಟಿಯಾಗಿ ಹೇಳು” ಅಂತಾರೆ, ಗಟ್ಟಿಯಾಗಿ ಹೇಳಿದ ತಕ್ಷಣ “ಯಾಕೋ ಕಿರುಚ್ತೀಯ” ಅಂತಾರಲ್ಲ, ಅದೇ. ಎಲ್ಲ ದನಿಯನ್ನೂ ಒಂದೇ ಸಮ ಹೆಚ್ಚಿಸೋ ಯಂತ್ರ ಇವರಿಗೆ ಹಿಂಸೆ. ವಿಲ್ಚರ್ ದನಿಯನ್ನು ಮಂದ್ರ, ತಾರ ಅಂತ ಬೇರೆ ಮಾಡಿ, ಒಂದೊಂದರಲ್ಲೂ ಮೆಲುದನಿಯನ್ನು ಹೆಚ್ಚು, ಜೋರುದನಿಯನ್ನು ಕಡಿಮೆ ವರ್ಧಿಸುವ ವಿಧಾನ ರೂಪಿಸಿ 1973ರಲ್ಲಿ ಪ್ರಕಟಿಸಿದ. ಈ ಸಲ ಪೇಟೆಂಟ್‌ಗೆ ಅರ್ಜಿಯನ್ನೇ ಹಾಕಲಿಲ್ಲ. 2011ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡ. ಅಷ್ಟು ಹೊತ್ತಿಗೆ ಶ್ರವಣ ಸಾಧನ ಮಾಡುವ ಕಂಪನಿಗಳೆಲ್ಲ ದನಿಯನ್ನು ಹಾಗೇ ಪಾಲು ಮಾಡಿ ವರ್ಧಿಸುತ್ತಿದ್ದವು.