ಸಂಭೂಯಸಮುತ್ಥಾನವೂ ಮುಂಬಯಿಯ ಷೇರುಪೇಟೆಯ ಪ್ರಾರಂಭವೂ

ಮನುವು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ನಾಲ್ಕನೆಯದು ಸಂಭೂಯಸಮುತ್ಥಾನ. ಹಲವರು ಒಟ್ಟುಗೂಡಿ, ತಮ್ಮ ತಮ್ಮ ಧನವನ್ನಾಗಲಿ ಶ್ರಮವನ್ನಾಗಲಿ ಒಂದೆಡೆ ಸೇರಿಸಿ, ಫಲಾಪೇಕ್ಷೆಯಿಂದ ನಡೆಸುವ ಕಾರ್ಯಕ್ಕೆ ಈ ಹೆಸರು. ಈಗ ಷೇರು ಎಂದು ಕರೆಯಲ್ಪಡುವ ವಸ್ತುವಿನ ಮೂಲವನ್ನು ಅರಸುವವರು ಸಾಮಾನ್ಯವಾಗಿ ಹಾಲೆಂಡು ಇಂಗ್ಲೆಂಡುಗಳ ಕಡೆಗೆ ತಿರುಗುವರು. ಮತ್ತೆ ಕೆಲವರು ಇದೆಲ್ಲವೂ ನಮ್ಮ ಸ್ಮೃತಿಗಳಲ್ಲಿ ಮೊದಲೇ ಹೇಳಲ್ಪಟ್ಟಿದೆಯೆಂದು ಸಾಧಿಸಿ ತೃಪ್ತರಾಗುವರು. ಈ ಎರಡು ಪಕ್ಷಗಳೂ ಅರೆಸತ್ಯವನ್ನೇ ಹಿಡಿದಿವೆ. ಅಂಶವೆಂಬ ಭಾವನೆಯು ಇಲ್ಲಿ ಅತಿ ಪ್ರಾಚೀನವಾದದ್ದು. ಆದರೆ ಆ ಅಂಶವನ್ನು ಮುಖಪರಿಚಯವಿಲ್ಲದವನಿಗೆ ದಿನದ ಬೆಲೆಗೆ ಮಾರಿ ಹೊರಟುಹೋಗುವ ಸೌಕರ್ಯವು ಸ್ಮೃತಿಕಾರರ ದೃಷ್ಟಿಗೆ ಬಿದ್ದುದಲ್ಲ. ಷೇರುಪೇಟೆಗೆ ಮೊದಲ ಬಾರಿಗೆ ಕಾಲಿಡುವವನು ಕೊಳ್ಳುವುದು ಒಂದು ಉದ್ಯಮದ ಅಂಶವನ್ನೋ ಅಥವಾ ಬರಿಯ ಒಂದು ಬೆಲೆಯನ್ನೋ ಎಂಬ ಪ್ರಶ್ನೆಯು ಈ ವ್ಯತ್ಯಾಸದಿಂದಲೇ ಹುಟ್ಟುವುದು. ಇದಕ್ಕೆ 1861 ರಿಂದ 1865 ರ ವರೆಗಿನ ಮುಂಬಯಿಯ ಚರಿತ್ರೆಯಷ್ಟು ಸ್ಫುಟವಾದ ನಿದರ್ಶನವು ಬೇರೊಂದಿಲ್ಲ.

ಮೊದಲು ಶಾಸ್ತ್ರದ ಸ್ಥಿತಿಯನ್ನು ನೋಡಬಹುದು. ಮನುವು ಈ ಪ್ರಕರಣದಲ್ಲಿ ವರ್ತಕರ ಮಾತನ್ನೇ ಎತ್ತದೆ, ಯಜ್ಞದಲ್ಲಿ ಋತ್ವಿಜರು ದಕ್ಷಿಣೆಯನ್ನು ಹಂಚಿಕೊಳ್ಳುವ ಕ್ರಮವನ್ನು ಹೇಳಿ ಮುಗಿಸುತ್ತಾನೆ. ವರ್ತಕರ ವಿಷಯವು ವಿಶದವಾಗುವುದು ಯಾಜ್ಞವಲ್ಕ್ಯ, ನಾರದ, ಬೃಹಸ್ಪತಿಗಳಲ್ಲಿ. ಯಾಜ್ಞವಲ್ಕ್ಯನ ಮತದಂತೆ, ಕೂಡಿ ವ್ಯಾಪಾರ ಮಾಡುವವರ ಲಾಭನಷ್ಟಗಳು ಅವರವರು ಹಾಕಿದ ದ್ರವ್ಯಕ್ಕೆ ಅನುಗುಣವಾಗಿರತಕ್ಕವು, ಇಲ್ಲವೆ ಅವರು ಮೊದಲೇ ಮಾಡಿಕೊಂಡ ಒಪ್ಪಂದದಂತೆ ಇರತಕ್ಕವು. ಉಳಿದವರು ನಿಷೇಧಿಸಿದ್ದನ್ನು ಮಾಡಿ, ಅಥವಾ ಅವರ ಅನುಮತಿಯಿಲ್ಲದೆ ನಡೆದು, ಅಥವಾ ಅಜಾಗ್ರತೆಯಿಂದ ಕೆಡಿಸಿದವನು ಆ ನಷ್ಟವನ್ನು ತಾನೇ ತುಂಬಿಕೊಡಬೇಕು. ವಿಪತ್ತಿನಲ್ಲಿ ಸರಕನ್ನು ಕಾಪಾಡಿದವನಿಗೆ ಅದರ ಹತ್ತನೆಯ ಒಂದು ಪಾಲು ಸಲ್ಲುವುದು. ವಂಚಕನಾದ ಪಾಲುಗಾರನನ್ನು ಲಾಭಕೊಡದೆ ಹೊರಹಾಕಬಹುದು. ತಾನು ಕೆಲಸಮಾಡಲಾರದವನು ತನ್ನ ಪರವಾಗಿ ಮತ್ತೊಬ್ಬನಿಂದ ಮಾಡಿಸತಕ್ಕದ್ದು. ಈ ವಿಧಿಯೇ ಋತ್ವಿಜರಿಗೂ ಕೃಷಿಕರಿಗೂ ಕುಶಲಕರ್ಮಿಗಳಿಗೂ ಅನ್ವಯಿಸುವುದೆಂದು ಹೇಳಿ ಪ್ರಕರಣವು ಮುಗಿಯುತ್ತದೆ. ಇದಕ್ಕೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿದ್ದವನು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದವರು ದೇಶದೇಶಗಳಲ್ಲಿ ಸಂಚರಿಸುತ್ತಿದ್ದ ಕಾಲವದು. ಆದುದರಿಂದ ಈ ಪ್ರಕರಣವು ಆತನಿಗೆ ಕೇವಲ ಗ್ರಂಥಸ್ಥವಾದ ವಿಷಯವಾಗಿರಲಿಲ್ಲವೆಂದು ಊಹಿಸಬಹುದು.

ಪಾಲುಗಾರನು ಹಾಕುವ ಮೂಲಧನಕ್ಕೆ ನಾರದನು ಪ್ರಕ್ಷೇಪವೆಂಬ ಶಬ್ದವನ್ನು ಬಳಸಿ, ಅದೇ ಇಡೀ ಉದ್ಯಮಕ್ಕೆ ಆಧಾರವೆನ್ನುತ್ತಾನೆ. ಈ ಶಬ್ದವು ಗಣಿತಗ್ರಂಥಗಳಿಗೂ ಹಬ್ಬಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಇದಕ್ಕಾಗಿಯೇ ಒಂದು ಭಾಗವಿದೆ. ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ಕೊಟ್ಟಿರುವ ಲೆಕ್ಕವು ಇನ್ನೂ ಪ್ರಸಿದ್ಧವಾದದ್ದು: ಮೂವರು ವರ್ತಕರು ಕ್ರಮವಾಗಿ 51, 68, 85 ರಂತೆ ಮೂಲಧನವನ್ನು ಹಾಕಿದರು, ಕೂಡಿ ವ್ಯಾಪಾರಮಾಡಲು ಒಟ್ಟು 300 ಆಯಿತು, ಯಾರಿಗೆ ಎಷ್ಟು? ಮೂಲಧನಗಳ ಮೊತ್ತ 204. ಅದರಿಂದ ಭಾಗಿಸಿ 300 ರಿಂದ ಗುಣಿಸಿದರೆ 75, 100, 125 ಎಂದು ಉತ್ತರವು ಬರುವುದು. ಈಗಿನ ಕಂಪೆನಿಗಳು ಲಾಭಾಂಶವನ್ನು ಹಂಚುವ ಗಣಿತವೂ ಇದೇ, ಒಂದಕ್ಷರವೂ ಬದಲಾಗಿಲ್ಲ. ಆದರೆ ಭಾಸ್ಕರನ ಲೆಕ್ಕದಲ್ಲಿ ಮೂವರೂ ಮೊದಲಿನಿಂದ ಕೊನೆಯವರೆಗೂ ಅವರೇ ಮೂವರು. ನಡುವೆ ಒಬ್ಬನು ತನ್ನ 68 ನ್ನು ನಾಲ್ಕನೆಯವನಿಗೆ 680 ಕ್ಕೆ ಮಾರಿದ್ದರೆ ಆ ನಾಲ್ಕನೆಯವನ ಪಾಡೇನು ಎಂಬುದನ್ನು ಲೀಲಾವತಿಯು ಕೇಳುವುದಿಲ್ಲ. ಉತ್ತರವೇನೋ ಸುಲಭವೇ: 680 ಕೊಟ್ಟವನಿಗೂ ಸಿಕ್ಕುವುದು 100 ಮಾತ್ರ.

ಉದ್ಯಮದಲ್ಲಿ ಹಣವನ್ನಿಡಲು ಹೊರಟವನಿಗೆ ಶಾಸ್ತ್ರವು ಕೊಟ್ಟ ಮೊದಲ ಉಪದೇಶವು ಬೃಹಸ್ಪತಿಯದು; ನಿಬಂಧಕಾರರು ಉದ್ಧರಿಸಿರುವ ವಚನಗಳಲ್ಲಿ ಅದು ಉಳಿದುಬಂದಿದೆ. ಕುಲೀನರೂ ದಕ್ಷರೂ ಆಲಸ್ಯವಿಲ್ಲದವರೂ ಪ್ರಾಜ್ಞರೂ ನಾಣ್ಯದ ಪರೀಕ್ಷೆಯನ್ನು ಬಲ್ಲವರೂ ಆಯವ್ಯಯಗಳನ್ನು ತಿಳಿದವರೂ ಶುಚಿಗಳೂ ಶೂರರೂ ಆದವರೊಡನೆ ಕೂಡಿ ಕಾರ್ಯಮಾಡಬೇಕು; ಅಶಕ್ತರು, ಸೋಮಾರಿಗಳು, ರೋಗಪೀಡಿತರು, ಭಾಗ್ಯಹೀನರು, ನಿರಾಶ್ರಿತರು ಇವರೊಡನೆ ಕೂಡದು ಎಂಬುದು ಅದರ ತಾತ್ಪರ್ಯ. ಇದರಲ್ಲಿ ಲಾಭವೆಷ್ಟು ಬರುವುದೆಂಬ ಪ್ರಸ್ತಾಪವೇ ಇಲ್ಲದಿರುವುದು ಗಮನಾರ್ಹವಾಗಿದೆ. ಕೇಳತಕ್ಕ ಪ್ರಶ್ನೆಯು “ಯಾರೊಡನೆ” ಎಂಬುದೇ ಹೊರತು “ಎಷ್ಟಕ್ಕೆ” ಎಂಬುದಲ್ಲ. ಪಾಲುಗಾರನು ಪಾಲುಗಾರನನ್ನು ಕಣ್ಣಾರೆ ಬಲ್ಲನೆಂಬುದು ಇಡೀ ಪ್ರಕರಣದ ಅಡಿಗಲ್ಲು.

ಈ ಅಡಿಗಲ್ಲನ್ನು ಸಡಿಲಿಸಿದುದು ಹತ್ತೊಂಬತ್ತನೆಯ ಶತಮಾನದ ಕಾನೂನು. ಹಿಂದೂಸ್ಥಾನದಲ್ಲಿ ಕಂಪೆನಿಗಳನ್ನು ನೋಂದಾಯಿಸುವ ಮೊದಲನೆಯ ಶಾಸನವು 1850 ರಲ್ಲಿ ಆಯಿತು. ಆಗ ಪಾಲುಗಾರರ ಹೊಣೆಗೆ ಮಿತಿಯಿರಲಿಲ್ಲ; ಕಂಪೆನಿಯು ಮುಳುಗಿದರೆ ಸಾಲಗಾರರು ಪಾಲುಗಾರನ ಮನೆಯ ಬಾಗಿಲಿಗೂ ಬರಬಹುದಾಗಿತ್ತು. 1857 ರ ಶಾಸನವು ಹೊಣೆಯನ್ನು ಷೇರಿನ ಮೊತ್ತಕ್ಕೆ ಮಿತಗೊಳಿಸಿತು. 1860 ರಲ್ಲಿ ಬ್ಯಾಂಕುಗಳಿಗೂ ಈ ಅನುಕೂಲವು ದೊರೆಯಿತು. ಇದು ಒಳ್ಳೆಯದೇ ಆಯಿತೆನ್ನಬೇಕು. ಇಂತಹ ಮಿತಿಯಿಲ್ಲದೆ ರೈಲುಮಾರ್ಗಗಳಾಗಲಿ ಗಿರಣಿಗಳಾಗಲಿ ಸಾಮಾನ್ಯರ ಹಣದಿಂದ ಏಳುವುದು ಅಸಾಧ್ಯ. ಆದರೆ ಹೊಣೆಯು ಕಡಮೆಯಾದೊಡನೆ ಪಾಲುಗಾರನ ಯೋಗ್ಯತೆಯನ್ನು ಪರೀಕ್ಷಿಸುವ ಅಗತ್ಯವೂ ಕಡಮೆಯಾದಂತೆ ಜನರಿಗೆ ತೋರಿತು. ವಂಚಕನನ್ನು ಹೊರಹಾಕುವ ಅಧಿಕಾರವು ಹೋಗಿ, ತಾನೇ ಮಾರಿ ಹೊರಹೋಗುವ ಅಧಿಕಾರವು ಬಂದಿತು.

ಮುಂಬಯಿಯಲ್ಲಿ 1850 ರ ದಶಕದಲ್ಲಿ ಷೇರು ದಲ್ಲಾಳಿಗಳ ಸಂಖ್ಯೆಯು ಬಹಳ ಅಲ್ಪವಾಗಿತ್ತು. ಅವರು ಟೌನ್ ಹಾಲಿನ ಎದುರಿನ ಆಲದ ಮರದ ನೆರಳಿನಲ್ಲಿ ಸೇರಿ ವ್ಯವಹರಿಸುತ್ತಿದ್ದರೆಂದು ಪ್ರಸಿದ್ಧಿಯಿದೆ. 1861 ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧವು ಪ್ರಾರಂಭವಾಗಿ, ದಕ್ಷಿಣ ಸಂಸ್ಥಾನಗಳ ಬಂದರುಗಳು ಮುಚ್ಚಿ, ಲಂಕಾಷೈರಿನ ಗಿರಣಿಗಳಿಗೆ ಹತ್ತಿಯು ನಿಂತುಹೋಯಿತು. ಅಂದಿನಿಂದ ಹಿಂದೂಸ್ಥಾನದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಕನ್ನಡನಾಡಿಗೂ ಇದರಲ್ಲಿ ಪಾಲಿತ್ತು. ಧಾರವಾಡ ಪ್ರಾಂತದಲ್ಲಿ 1840 ರ ದಶಕದಿಂದ ಬೇರೂರಿದ್ದ ಅಮೆರಿಕದ ತಳಿಯ ಹತ್ತಿಯೂ ನಾಟಿ ಹತ್ತಿಯೂ ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿದ್ದವು. ಕುಮಟೆಯ ಹೆಸರು ಹತ್ತಿಯ ಒಂದು ಜಾತಿಗೇ ನಿಂತಿತು. ಉತ್ತರ ಕನ್ನಡ ಜಿಲ್ಲೆಯು 1862 ರಲ್ಲಿ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದುದಕ್ಕೂ ಈ ಹತ್ತಿಗೆ ಕಾರವಾರದಲ್ಲಿ ಬಂದರು ಬೇಕೆಂಬ ಒತ್ತಾಯಕ್ಕೂ ಸಂಬಂಧವಿದೆ. ಸಾಮಾನ್ಯವಾಗಿ ಸಲ್ಲಬೇಕಾಗಿದ್ದ ಬೆಲೆಗಿಂತ ಸುಮಾರು ಎಂಟು ಕೋಟಿ ಪೌಂಡುಗಳು ಹೆಚ್ಚಾಗಿ ಈ ಕೆಲವೇ ವರ್ಷಗಳಲ್ಲಿ ಮುಂಬಯಿಗೆ ಬಂದುವೆಂದು ಚರಿತ್ರಕಾರರು ಲೆಕ್ಕ ಹಾಕಿದ್ದಾರೆ.

ಬಂದ ಹಣವು ಸುಮ್ಮನಿರಲಾರದೆ ದಾರಿಯನ್ನು ಹುಡುಕಿತು. ಜನರು ಕಂಡ ದಾರಿಯೇ ಕಂಪೆನಿ. 1865 ರ ಆದಿಭಾಗದ ವೇಳೆಗೆ ನಗರದಲ್ಲಿ 31 ಬ್ಯಾಂಕುಗಳೂ, ಹಣಕಾಸಿನ ಸಂಘಗಳು 16 ಉ, ಭೂಮಿಯ ಕಂಪೆನಿಗಳು 8 ಉ ಇದ್ದುವು; ಅರಳೆ ಒತ್ತುವವು, ಹಡಗಿನವು, ವಿಮೆಯವು ಬೇರೆ. ಇವೆಲ್ಲಕ್ಕೂ ಶಿಖರಪ್ರಾಯವಾಗಿದ್ದುದು ಸಮುದ್ರವನ್ನು ತುಂಬಿ ನೆಲವನ್ನು ಮಾಡಹೊರಟ ಬ್ಯಾಕ್ ಬೇ ಕಂಪೆನಿ. 5,000 ರೂಪಾಯಿ ಸಂದಾಯವಾಗಿದ್ದ ಅದರ ಒಂದು ಷೇರಿಗೆ ಸುಮಾರು 50,000 ರೂಪಾಯಿಗಳ ವರೆಗೆ ಬೆಲೆ ನಡೆಯಿತು. ಆಗ ಸಮುದ್ರವಿನ್ನೂ ಸಮುದ್ರವಾಗಿಯೇ ಇತ್ತೆಂಬುದನ್ನು ಮರೆಯಲಾಗದು.

ಈ ಕಾಲದ ಸೂತ್ರಧಾರನು ಪ್ರೇಮಚಂದ ರಾಯಚಂದ. ಸೂರತಿನ ಜೈನ ವಣಿಕರ ಮನೆಯಲ್ಲಿ 1831 ರಲ್ಲಿ ಹುಟ್ಟಿ, ಇಂಗ್ಲಿಷನ್ನು ಓದಿ ಬರೆಯಬಲ್ಲ ಮೊದಲ ದೇಶೀಯ ದಲ್ಲಾಳಿಯೆನಿಸಿ, ಹತ್ತಿಯ ಮತ್ತು ಷೇರುಗಳ ವ್ಯವಹಾರದಲ್ಲಿ ಅದ್ವಿತೀಯನಾದನು. ಹೊಸ ಕಂಪೆನಿಯ ಷೇರುಗಳು ಯಾರಿಗೆ ಎಷ್ಟು ಸಲ್ಲಬೇಕೆಂಬುದು ಬಹುಮಟ್ಟಿಗೆ ಆತನ ಮಾತಿನ ಮೇಲೆ ನಿಂತಿತ್ತು. ಮುಖಬೆಲೆಗೆ ಷೇರು ದೊರೆತವನು ಮರುದಿನವೇ ಲಾಭಕ್ಕೆ ಮಾರಬಹುದಾಗಿದ್ದುದರಿಂದ ಷೇರಿನ ಹಂಚಿಕೆಯೇ ಒಂದು ಪ್ರಸಾದವಾಯಿತು. ಕೊಳ್ಳುವವರು ಬ್ಯಾಂಕಿನಲ್ಲಿ ಷೇರುಗಳನ್ನೇ ಒತ್ತೆಯಿಟ್ಟು ಆ ಸಾಲದಿಂದ ಇನ್ನಷ್ಟು ಷೇರುಗಳನ್ನು ಕೊಂಡರು. 1840 ರಲ್ಲಿ ಸ್ಥಾಪಿತವಾಗಿದ್ದ ಬ್ಯಾಂಕ್ ಆಫ್ ಬಾಂಬೆಗೆ ಹಿಂದೆ ಇಂತಹ ಸಾಲವನ್ನು ಕೊಡಲು ನಿರ್ಬಂಧವಿತ್ತು. 1863 ರ ಹೊಸ ಶಾಸನದಿಂದ ಆ ಕಟ್ಟು ಸಡಿಲವಾಯಿತು. ಪ್ರೇಮಚಂದನನ್ನೊಬ್ಬನನ್ನೇ ದೂಷಿಸುವುದು ಆಮೇಲಿನವರಿಗೆ ರೂಢಿಯಾಗಿದೆ. ಆದರೆ ಬ್ಯಾಂಕಿನ ಬೀಗದಕೈಯನ್ನು ಹಿಡಿದಿದ್ದವರು ಬೇರೆಯವರಾಗಿದ್ದರು.

ಹೊಸದಾಗಿ ಪ್ರವೇಶಿಸಿದವರನ್ನು ಕೆಡಿಸಿದ ಎರಡು ಸಂಗತಿಗಳನ್ನು ಇಲ್ಲಿ ವಿವರಿಸಬೇಕು. ಅಂದಿನ ಕಂಪೆನಿಗಳು ಅನೇಕವೇಳೆ ಷೇರಿನ ಪೂರ್ಣಮೊತ್ತವನ್ನು ಒಮ್ಮೆಗೇ ಪಡೆಯುತ್ತಿರಲಿಲ್ಲ. ಒಂದು ಭಾಗವನ್ನು ಪಡೆದು, ಉಳಿದುದನ್ನು ಬೇಕಾದಾಗ ಕಂತುಗಳಾಗಿ ಕೇಳುವ ಹಕ್ಕನ್ನು ಇಟ್ಟುಕೊಳ್ಳುತ್ತಿದ್ದವು. ಮಿತಹೊಣೆಯೆಂದರೆ ಕೊಟ್ಟ ಹಣವಷ್ಟೇ ಹೋಗುವುದೆಂದು ಜನರು ತಿಳಿದಿದ್ದರು. ಇನ್ನೂ ಕೊಡದಿರುವ ಕಂತೂ ಆ ಮಿತಿಯೊಳಗೇ ಸೇರಿದೆಯೆಂಬುದು ಕಂಪೆನಿಗಳು ಮುಳುಗುವಾಗ ತಿಳಿಯಿತು. ಎರಡನೆಯದು ವಾಯಿದೆ ವ್ಯಾಪಾರ. ಮುಂದಿನ ಒಂದು ದಿನದಂದು ಇಷ್ಟು ಬೆಲೆಗೆ ಇಷ್ಟು ಷೇರುಗಳನ್ನು ಕೊಳ್ಳುವೆನೆಂದು ಒಪ್ಪಂದವಾಗುವುದು. ಇಂದು ಕೈಯಲ್ಲಿ ಹಣವೂ ಬೇಡ, ಷೇರೂ ಬೇಡ. ಇಂತಹ ಅಸಂಖ್ಯಾತ ಒಪ್ಪಂದಗಳು 1865 ನೆಯ ಜುಲೈ 1 ನೆಯ ತಾರೀಖಿಗೆ ತೀರಬೇಕಾಗಿದ್ದುವು.

ಆ ತಾರೀಖಿಗೆ ಮೊದಲೇ, ಏಪ್ರಿಲಿನಲ್ಲಿ, ಅಮೆರಿಕದ ಯುದ್ಧವು ಮುಗಿಯಿತು. ಹತ್ತಿಯ ಬೆಲೆ ಇಳಿಯಿತು. ಅದರ ಬೆನ್ನಿಗೆ ಷೇರುಗಳೂ ಇಳಿದುವು. ಜುಲೈ 1 ರಂದು ಕೊಡಬೇಕಾದವರು ಕೊಡಲಾರದೆ ಹೋದರು; ಅವರಿಂದ ಬರಬೇಕಾದವರೂ ದಿವಾಳಿಯಾದರು. 50,000 ದ ವರೆಗೆ ಏರಿದ್ದ ಬ್ಯಾಕ್ ಬೇ ಷೇರು 2,000 ಕ್ಕೂ ಕೆಳಗಿಳಿಯಿತು. 2,850 ಕ್ಕೆ ನಡೆದಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ಕ್ಕೆ ಬಂದಿತು. ಆ ಬ್ಯಾಂಕು 1868 ರಲ್ಲಿ ಮುಚ್ಚಿ, ಅದೇ ವರ್ಷ ಹೊಸ ಬ್ಯಾಂಕು ಅದರ ಸ್ಥಾನದಲ್ಲಿ ಸ್ಥಾಪಿತವಾಯಿತು. ಪ್ರೇಮಚಂದನೂ ಸರ್ವಸ್ವವನ್ನು ಕಳೆದುಕೊಂಡವರಲ್ಲಿ ಒಬ್ಬ. ಐಶ್ವರ್ಯದ ದಿನಗಳಲ್ಲಿ ಆತನು ಮಾಡಿದ ದಾನದಿಂದ ಎದ್ದ, ತಾಯಿಯ ಹೆಸರನ್ನು ಹೊತ್ತ ರಾಜಾಬಾಯಿ ಗೋಪುರವು 1878 ರಲ್ಲಿ ಪೂರ್ಣವಾಯಿತು. ಆತನು 1906 ರ ವರೆಗೆ ಬದುಕಿದ್ದನು. ದಿನ್ಶಾ ವಾಚ್ಛಾ ಅವರು ಈ ಕಾಲವನ್ನು ಕುರಿತು 1910 ರಲ್ಲಿ ಪ್ರಕಟಿಸಿದ ಗ್ರಂಥವು ಇಂದಿಗೂ ಪ್ರಯೋಜನಕರವಾಗಿದೆ.

ವಾಯಿದೆ ವ್ಯಾಪಾರವನ್ನು ಸ್ಮೃತಿಯ ಯಾವ ಪ್ರಕರಣಕ್ಕೆ ಸೇರಿಸಬೇಕು? ಷೇರನ್ನು ನಿಜವಾಗಿ ಕೊಟ್ಟು ತೆಗೆದುಕೊಳ್ಳುವ ಉದ್ದೇಶವಿದ್ದರೆ ಕ್ರಯವಿಕ್ರಯಕ್ಕೆ. ಬೆಲೆಯ ವ್ಯತ್ಯಾಸವನ್ನು ಮಾತ್ರ ಪಡೆಯುವುದಾದರೆ ದ್ಯೂತಸಮಾಹ್ವಯಕ್ಕೆ. ಆಂಗ್ಲ ನ್ಯಾಯಾಲಯಗಳು ಮಾಡಿದ ವಿಭಾಗವೂ ಇದೇ. ಪಣದ ಒಪ್ಪಂದಗಳಿಗೆ ನೆರವಾಗುವ ಒಪ್ಪಂದಗಳೂ ನಿರರ್ಥಕವೆಂದು ಮುಂಬಯಿಯಲ್ಲಿ ಶಾಸನವಾದುದು ಆ 1865 ರಲ್ಲಿಯೇ. ಯಾಜ್ಞವಲ್ಕ್ಯನು ದ್ಯೂತಪ್ರಕರಣದಲ್ಲಿ ಸಭಿಕನೆಂಬ ಜೂಜುಕಟ್ಟೆಯ ಒಡೆಯನ ಧರ್ಮವನ್ನು ಹೇಳುತ್ತಾನೆ. ಆತನು ಗೆದ್ದ ಪಣದಿಂದ ನೂರಕ್ಕೆ ಐದರಂತೆ, ಕೆಲವೆಡೆ ಹತ್ತರಂತೆ, ತೆಗೆದುಕೊಳ್ಳುವನು. ರಾಜನ ರಕ್ಷಣೆಯನ್ನು ಪಡೆದು ರಾಜನಿಗೆ ಗೊತ್ತಾದ ಪಾಲನ್ನು ಸಲ್ಲಿಸುವನು. ಸಭಿಕನಿದ್ದು, ರಾಜಭಾಗವು ಸಂದು, ಬಹಿರಂಗವಾಗಿ ಆಡಿದ ಕಡೆ ಮಾತ್ರ ರಾಜನು ಗೆದ್ದವನಿಗೆ ಹಣವನ್ನು ಕೊಡಿಸತಕ್ಕದ್ದು, ಇಲ್ಲವಾದರೆ ಕೊಡಿಸಕೂಡದು.

ಬಹಿರಂಗವಾದ ಕಟ್ಟೆಯು ಮುಂಬಯಿಯಲ್ಲಿ ಏರ್ಪಟ್ಟುದು ಹತ್ತು ವರ್ಷಗಳ ನಂತರ. 1875 ನೆಯ ಜುಲೈ 9 ರಂದು ದೇಶೀಯ ಷೇರು ದಲ್ಲಾಳಿಗಳು ಸಂಘವನ್ನು ಕಟ್ಟಿಕೊಂಡರು. ಪ್ರವೇಶದ ಶುಲ್ಕವು ಒಂದು ರೂಪಾಯಿ. ಸ್ವತಂತ್ರ ಭಾರತದ 1956 ರ ಶಾಸನದಂತೆ 1957 ರಲ್ಲಿ ಅದಕ್ಕೆ ಸರ್ಕಾರದ ಮನ್ನಣೆ ದೊರೆಯಿತು. ಬೆಂಗಳೂರಿನಲ್ಲಿ 1963 ರಲ್ಲಿ ಸ್ಥಾಪಿತವಾದ ಷೇರು ವಿನಿಮಯ ಕೇಂದ್ರವು 2014 ರಲ್ಲಿ ತನ್ನ ಮನ್ನಣೆಯನ್ನು ಬಿಟ್ಟುಕೊಟ್ಟಿತು. 1992 ರಲ್ಲಿ ಸೆಬಿಗೆ ಶಾಸನಬದ್ಧವಾದ ಅಧಿಕಾರವು ಬಂದಿತು. 1996 ರ ಶಾಸನದಿಂದ ಷೇರಿನ ಕಾಗದವೇ ಹೋಗಿ ಖಾತೆಯಲ್ಲಿನ ಅಂಕಿಯಾಯಿತು. 2022 ನೆಯ ಆಗಸ್ಟಿನಲ್ಲಿ ಇಂತಹ ಖಾತೆಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿತು. ಬೃಹಸ್ಪತಿಯು ಹೇಳಿದ ಪರೀಕ್ಷೆಗೆ ಈಗ ಸಾಧನಗಳು ಇಲ್ಲದಿಲ್ಲ. ಕಂಪೆನಿಯ ಆಯವ್ಯಯಪತ್ರವು ಪ್ರಕಟವಾಗುವುದು, ನಿರ್ದೇಶಕರ ಹೆಸರುಗಳು ತಿಳಿಯುವುವು. 1864 ರವನಿಗೆ ಇಷ್ಟು ಸೌಕರ್ಯವಿರಲಿಲ್ಲ. ಅವನ್ನು ಓದಿ ಷೇರನ್ನು ಕೊಂಡು ಇಟ್ಟುಕೊಳ್ಳುವವನು ಭಾಸ್ಕರನ ಮೂವರ ಜೊತೆಗೆ ಸೇರಿದವನೇ.

ಜುಲೈ 1 ರ ವಾಯಿದೆಗೆ ಸಮೀಪವಾದ ವ್ಯವಹಾರವು ಇಂದು ಫ್ಯೂಚರ್ಸ್ ಆಪ್ಷನ್ಸ್ ಎಂಬ ಹೆಸರಿನಲ್ಲಿ, ರಾಜಭಾಗವನ್ನು ಸಲ್ಲಿಸಿ, ಬಹಿರಂಗವಾಗಿ ನಡೆಯುತ್ತಿದೆ. ಸೆಬಿಯು 2024 ನೆಯ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ವರದಿಯಂತೆ, 2022 ರಿಂದ 2024 ರ ವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಇದರಲ್ಲಿ ತೊಡಗಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟವನ್ನು ಹೊಂದಿದರು. ನಷ್ಟದ ಮೊತ್ತವು 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಅದೇ ಅವಧಿಯಲ್ಲಿ ಈ ವ್ಯಕ್ತಿಗಳು ವ್ಯವಹಾರದ ಖರ್ಚೆಂದು ತೆತ್ತ ಹಣವು ಸುಮಾರು 50,000 ಕೋಟಿ ರೂಪಾಯಿ. ಅದರಲ್ಲಿ ನೂರಕ್ಕೆ 51 ರಷ್ಟು ದಲ್ಲಾಳಿಗಳಿಗೂ 20 ರಷ್ಟು ವಿನಿಮಯ ಕೇಂದ್ರಗಳಿಗೂ ಸಂದಿತು. ಯಾಜ್ಞವಲ್ಕ್ಯನ ಸಭಿಕನು ಗೆದ್ದ ಪಣದಿಂದಲೇ ತನ್ನ ಪಾಲನ್ನು ತೆಗೆದುಕೊಳ್ಳುತ್ತಿದ್ದನು. ಇಂದಿನ ಕಟ್ಟೆಯಲ್ಲಿ ಸೋತವನೂ ಕೊಡಬೇಕು.